ನಾಯಿಗಳೊಂದಿಗೆ ಗ್ರ್ಯಾಂಡ್ ಕ್ಯಾನ್ಯನ್‌ಗೆ: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನೀವು ಕೇಳಿರುವುದು ಇಷ್ಟು: ಫೀನಿಕ್ಸ್‌ಗೆ ಬಂದು ಎಂಟು ತಿಂಗಳಾಗಿದೆ, ಊರಿನಿಂದ ಕರೆತಂದ ಮುಧೋಳ ನಾಯಿಯೊಂದು ಮತ್ತು ಇಲ್ಲಿ ದತ್ತು ಪಡೆದ ವಯಸ್ಸಾದ ಲ್ಯಾಬ್ರಡಾರ್ ಒಂದು ಮನೆಯಲ್ಲಿವೆ, ಮೇ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ, ಬಾಡಿಗೆಯ ಆರ್‌ವಿಯಲ್ಲಿ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ದೊಡ್ಡ ವಾಹನ) ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಗಳು ಮೂರನ್ನೂ ನೋಡಿ ಬರಬೇಕೆಂದಿದ್ದೀರಿ, ನಾಯಿಗಳಿಗೆ ಪ್ರವೇಶವಿದೆಯೇ ಎಂಬುದು ನಿಮ್ಮ ಪ್ರಶ್ನೆ. ಹದಿನೇಳು ವರ್ಷಗಳಿಂದ ಅರಿಜೋನಾದಲ್ಲಿದ್ದು, ಸಾಕಿದ ನಾಯಿಗಳೊಂದಿಗೆ ಈ ದಾರಿಯಲ್ಲಿ ಹಲವು ಬಾರಿ ಓಡಾಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೂರೂ ಕಡೆ ನಾಯಿಗಳನ್ನು ಒಳಗೆ ಬಿಡುತ್ತಾರೆ. ಆದರೆ ಒಳಗೆ ಬಿಟ್ಟ ಮೇಲೆ ಎಲ್ಲಿಯವರೆಗೆ ಹೋಗಬಹುದು ಎಂಬುದು ಒಂದೊಂದು ಉದ್ಯಾನದಲ್ಲಿ ಒಂದೊಂದು ರೀತಿಯಾಗಿದ್ದು, ಅದನ್ನು ತಿಳಿಯದೆ ಹೊರಟರೆ ನಿಮ್ಮ ರಜೆಯ ಬಹುಪಾಲು ಪಾರ್ಕಿಂಗ್ ಜಾಗದಲ್ಲೇ ಕಳೆದುಹೋಗುತ್ತದೆ. ಬಂಡೀಪುರದಲ್ಲಿ ನಾವು ಅರಣ್ಯ ಇಲಾಖೆಯ ವಾಹನದಲ್ಲಿ ಕುಳಿತು ಕಾಡು ನೋಡಿ ಬರುತ್ತೇವೆ. ಸಾಕುನಾಯಿಯನ್ನು ಕರೆದೊಯ್ಯುವ ಮಾತೇ ಅಲ್ಲಿ ಏಳುವುದಿಲ್ಲ. ಇಲ್ಲಿ ನಮ್ಮದೇ ವಾಹನದಲ್ಲಿ ಹೋಗಿ, ನಡೆದು, ರಾತ್ರಿ ಅಲ್ಲಿಯೇ ತಂಗಬಹುದಾದ್ದರಿಂದ ಎಲ್ಲವೂ ಸಡಿಲವಾಗಿದೆ ಎಂದು ಹೊಸಬರಿಗೆ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು.

ಯೆಲ್ಲೋಸ್ಟೋನನ್ನು ಈ ಬಾರಿ ಪಟ್ಟಿಯಿಂದ ತೆಗೆಯಿರಿ. ಅಲ್ಲಿ ನಾಯಿಯು ರಸ್ತೆ, ಪಾರ್ಕಿಂಗ್ ಮತ್ತು ಶಿಬಿರಗಳಿಂದ ನೂರು ಅಡಿಗಿಂತ ದೂರ ಹೋಗುವಂತಿಲ್ಲ. ಬಿಸಿನೀರಿನ ಬುಗ್ಗೆಗಳ ನಡುವಿನ ಮರದ ಹಾಸಿನ ದಾರಿಗಳಿಗೂ ಬರುವಂತಿಲ್ಲ. ಇದು ಅತಿಯಾದ ಕಟ್ಟುನಿಟ್ಟು ಎಂದುಕೊಳ್ಳಬೇಡಿ. 1981ರಲ್ಲಿ ಅಲ್ಲಿನ ಒಂದು ಬುಗ್ಗೆಗೆ ಹಾರಿದ ಗೆಳೆಯನ ನಾಯಿಯನ್ನು ಉಳಿಸಲೆಂದು ಯುವಕನೊಬ್ಬ ತಾನೂ ಧುಮುಕಿದ. ನೀರು ಕುದಿಯುವಷ್ಟು ಬಿಸಿಯಿತ್ತು, ಅವನೂ ನಾಯಿಯೂ ಉಳಿಯಲಿಲ್ಲ. ಕಾಡುಪ್ರಾಣಿಗಳ ದೃಷ್ಟಿಯಿಂದಲೂ ಈ ನಿಯಮಕ್ಕೆ ಅರ್ಥವಿದೆ. ಸಾಕುನಾಯಿಗಳಿಗೆ ತಗಲುವ ಡಿಸ್ಟೆಂಪರ್ ಕಾಯಿಲೆ ತೋಳಗಳಿಗೂ ತಗಲುತ್ತದೆ. 1999, 2005 ಮತ್ತು 2008ರಲ್ಲಿ ಯೆಲ್ಲೋಸ್ಟೋನಿನ ತೋಳದ ಮರಿಗಳು ಅದರಿಂದ ಬಹಳವಾಗಿ ಸತ್ತವು. ನಮ್ಮ ನಾಗರಹೊಳೆಯ ಸೀಳುನಾಯಿಗಳಿಗೂ ಕಾಡಂಚಿನ ಊರುಗಳ ನಾಯಿಗಳಿಂದ ಇರುವ ಅಪಾಯ ಇದೇ ಬಗೆಯದು.

ಜಯಾನ್‌ನಲ್ಲಿ ನಾಯಿಗೆ ತೆರೆದಿರುವ ಕಾಲುದಾರಿ ಪಾ'ರಸ್ ಎಂಬ ಒಂದೇ ಒಂದು, ಮೂರು ಕಿಲೋಮೀಟರಿಗೂ ಕಡಿಮೆ. ಕಣಿವೆಯ ಒಳರಸ್ತೆಯಲ್ಲಿ ವರ್ಷದ ಹೆಚ್ಚಿನ ತಿಂಗಳು ಷಟಲ್ ಬಸ್ಸುಗಳು ಮಾತ್ರ ಓಡುತ್ತವೆ, ಆ ಬಸ್ಸಿಗೆ ನಾಯಿಯನ್ನು ಹತ್ತಿಸುವುದಿಲ್ಲ. 1930ರಲ್ಲಿ ತೆರೆದ ಅಲ್ಲಿನ ಸುರಂಗ ಇಂದಿನ ಆರ್‌ವಿಗಳ ಗಾತ್ರಕ್ಕೆ ಕಟ್ಟಿದ್ದಲ್ಲವಾದ್ದರಿಂದ ದೊಡ್ಡ ವಾಹನಗಳಿಗೆ ಅಲ್ಲಿ ನಿರ್ಬಂಧಗಳೂ ಇವೆ. ಇದನ್ನೂ ಬಿಡಿ.

ಹಾಗಾದರೆ ಉಳಿಯುವುದು ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚು. ಅದರ ಜೊತೆಗೆ, ನೀವು ಹೆಸರಿಸದೇ ಇರುವ, ಅರಿಜೋನಾದಲ್ಲೇ ಇರುವ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನವನ್ನು ಸೇರಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಹತ್ತು ದಿನದ ಬದಲು ಆರು ದಿನ ಸಾಕು. ನಿಮ್ಮ ಲ್ಯಾಬ್ರಡಾರಿಗೆ ಅದಕ್ಕಿಂತ ಹೆಚ್ಚಿನ ಪ್ರಯಾಣ ಹಿಂಸೆಯೇ ಆದೀತು.

ದಕ್ಷಿಣ ಅಂಚಿನಲ್ಲಿ ರಿಮ್ ಟ್ರೇಲ್ ಎಂಬ ದಾರಿ ಕಂದರದ ಅಂಚಿಗೆ ಹೊಂದಿಕೊಂಡು ಸುಮಾರು 21 ಕಿಲೋಮೀಟರ್ ಸಾಗುತ್ತದೆ, ಬಹುಭಾಗ ಸಮತಟ್ಟಾಗಿದೆ, ಮತ್ತು ಅದರ ಮೇಲೆ ನಾಯಿಗಳು ನಮ್ಮ ಜೊತೆ ನಡೆಯಬಹುದು. ಅಂಚಿನಿಂದ ಕೆಳಗೆ ಇಳಿಯುವ ಬ್ರೈಟ್ ಏಂಜಲ್, ಸೌತ್ ಕೈಬಾಬ್ ದಾರಿಗಳಲ್ಲಿ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಷಟಲ್ ಬಸ್ಸಿನಲ್ಲಿ ಇಲ್ಲಿಯೂ ನಾಯಿಗೆ ಜಾಗವಿಲ್ಲ. ಅಂಗವಿಕಲರ ನೆರವಿಗೆಂದು ತರಬೇತಿ ಪಡೆದ ನಾಯಿಗಳಿಗೆ ವಿನಾಯಿತಿ ಇದೆಯಾದರೂ, ಮನಸ್ಸಿನ ಸಮಾಧಾನಕ್ಕೆಂದು ಜೊತೆಗಿರುವ ನಾಯಿ ಆ ವರ್ಗಕ್ಕೆ ಸೇರುವುದಿಲ್ಲ. ಪಶ್ಚಿಮದ ಹರ್ಮಿಟ್ ರಸ್ತೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ಪೂರ್ವದ ಡೆಸರ್ಟ್ ವ್ಯೂ ರಸ್ತೆಯಲ್ಲಿ, ಸುಮಾರು 40 ಕಿಲೋಮೀಟರ್ ಉದ್ದಕ್ಕೂ, ನಿಮ್ಮ ಆರ್‌ವಿಯಲ್ಲೇ ಹೋಗಿ ಹೆಚ್ಚಿನ ನೋಟದ ಜಾಗಗಳಲ್ಲಿ ನಿಲ್ಲಿಸಬಹುದು. ಲಿಪನ್ ಪಾಯಿಂಟ್‌ನಲ್ಲಿ ಸಂಜೆಯ ಹೊತ್ತಿಗೆ ಇರುವಂತೆ ನೋಡಿಕೊಳ್ಳಿ. ಕೆಳಗೆ ಕೊಲರಾಡೊ ನದಿ ಕಾಣುತ್ತದೆ, ಜನರೂ ಕಡಿಮೆ.

ನಿಮ್ಮ ಮುಧೋಳದ ವಿಷಯದಲ್ಲಿ ನನಗೆ ನಿಜವಾಗಿಯೂ ಆತಂಕವಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಕೊಂಡು ಓಡುವ ಬೇಟೆನಾಯಿ. ಕಂದರದ ಅಂಚಿನಲ್ಲಿ ಬಂಡೆ ಅಳಿಲುಗಳು ಜನರ ಕಾಲಡಿಯಲ್ಲೇ ಓಡಾಡುತ್ತವೆ, ದಾರಿಯ ಬಹುಭಾಗದಲ್ಲಿ ತಡೆಗೋಡೆಯೇ ಇಲ್ಲ, ಕೆಳಗೆ ನೂರಾರು ಅಡಿ ನೇರ ಇಳಿತವಿದೆ. ಆರು ಅಡಿಗಿಂತ ಉದ್ದದ ಹಗ್ಗ ಇರಬಾರದೆಂಬುದು ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುವ ನಿಯಮ. ಎಳೆದಷ್ಟೂ ಬಿಚ್ಚಿಕೊಳ್ಳುವ ಹಗ್ಗವನ್ನು ಮನೆಯಲ್ಲೇ ಬಿಟ್ಟುಬಿಡಿ. ಮುಧೋಳದ ತಲೆ ಕಿರಿದು, ಕತ್ತು ಅದಕ್ಕೆ ಸಮನಾದ ದಪ್ಪ. ಸಾಮಾನ್ಯ ಕೊರಳಪಟ್ಟಿಯಿಂದ ಅದು ಹಿಂದಕ್ಕೆ ಜಗ್ಗಿ ಸುಲಭವಾಗಿ ಕಳಚಿಕೊಳ್ಳುತ್ತದೆ. ಎದೆಗೂ ಹೊಟ್ಟೆಗೂ ಸುತ್ತುವ ಹಾರ್ನೆಸ್ ಹಾಕಿ, ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳದೆ ಕೈಯಲ್ಲೇ ಹಿಡಿದು, ನಾಯಿ ಯಾವಾಗಲೂ ಒಳಬದಿಯಲ್ಲಿ ನಡೆಯುವಂತೆ ಮಾಡಿ. ಅಳಿಲುಗಳ ಚಿಗಟಗಳಿಂದ ಪ್ಲೇಗ್ ತಗಲುವ ಸಾಧ್ಯತೆಯೂ ಇರುವುದರಿಂದ, ಹೊರಡುವ ಮೊದಲು ಚಿಗಟದ ಔಷಧಿ ಹಾಕಿಸಿ. ಶಿಬಿರದೊಳಗೇ ಎಲ್ಕ್ ಜಿಂಕೆಗಳು ಮೇಯುತ್ತಾ ಬರುತ್ತವೆ. ಮರಿಹಾಕುವ ಕಾಲದ ಹೆಣ್ಣು ಎಲ್ಕ್ ನಾಯಿಯನ್ನು ಕಂಡರೆ ಮೇಲೆರಗಬಹುದು. ನೂರು ಅಡಿ ದೂರವಿರಿ.

ಇನ್ನು ಆರ್‌ವಿ. ದಕ್ಷಿಣ ಅಂಚಿನ ಮೇದರ್ ಶಿಬಿರದಲ್ಲಿ 30 ಅಡಿಯವರೆಗಿನ ವಾಹನಕ್ಕೆ ಮಾತ್ರ ಜಾಗವಿದೆ, ವಿದ್ಯುತ್ ಸಂಪರ್ಕವಿಲ್ಲ, ಜನರೇಟರನ್ನು ನಿಗದಿತ ಕೆಲವು ಗಂಟೆಗಳಲ್ಲಿ ಮಾತ್ರ ಓಡಿಸಬಹುದು. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ವಿದ್ಯುತ್ತು, ನೀರು, ಕೊಳೆನೀರಿನ ಸಂಪರ್ಕ ಮೂರೂ ಇವೆ. ಎರಡರಲ್ಲೂ ತಿಂಗಳುಗಳ ಮೊದಲೇ ಕಾದಿರಿಸಬೇಕು. ನೀರಿನ ತೊಟ್ಟಿಯನ್ನು ದಾರಿಯ ಊರುಗಳಾದ ವಿಲಿಯಮ್ಸ್ ಅಥವಾ ಫ್ಲ್ಯಾಗ್‌ಸ್ಟಾಫ್‌ನಲ್ಲಿ ತುಂಬಿಸಿಕೊಂಡೇ ಹೋಗಿ, ಏಕೆಂದರೆ ದಕ್ಷಿಣ ಅಂಚಿಗೆ ನೀರು ತರುವ ಕೊಳವೆ 1960ರ ದಶಕದ್ದಾಗಿದ್ದು ಮತ್ತೆ ಮತ್ತೆ ಒಡೆಯುತ್ತದೆ; 2024ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಹೋಟೆಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಬೇಕಾಯಿತು.

ವಿದ್ಯುತ್ ಸಂಪರ್ಕ ಸಿಕ್ಕಿತೆಂದು, ಎಸಿ ಹಾಕಿ ನಾಯಿಗಳನ್ನು ಒಳಗೆ ಬಿಟ್ಟು ತಿರುಗಾಡಲು ಹೋಗಬೇಡಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮೊದಲ ಆರ್‌ವಿ ಪ್ರವಾಸದಲ್ಲಿ, ದಾರಿಯ ಒಂದು ಖಾಸಗಿ ತಂಗುದಾಣದಲ್ಲಿ ನಮ್ಮ ಚಿನ್ನಿಯನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋದೆವು. ಒಂದು ಗಂಟೆಯ ನಂತರ ಮರಳಿದಾಗ ವಿದ್ಯುತ್ ಕಂಬದ ಸ್ವಿಚ್ ಟ್ರಿಪ್ ಆಗಿತ್ತು, ಎಸಿ ನಿಂತಿತ್ತು, ಚಿನ್ನಿ ಬಚ್ಚಲ ಕೋಣೆಯ ನೆಲಕ್ಕೆ ಒರಗಿ ಏದುಸಿರು ಬಿಡುತ್ತಿದ್ದಳು. ಒದ್ದೆ ಬಟ್ಟೆ ಹೊದಿಸಿ, ಪಶುವೈದ್ಯರ ಬಳಿಗೆ ಓಡಿ, ರಾತ್ರಿಯಿಡೀ ಕಾದ ಮೇಲೆ ಉಳಿದಳು. ಹೊರಗೆ 21 ಡಿಗ್ರಿ ಇದ್ದರೂ ಮುಚ್ಚಿದ ವಾಹನದೊಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿಯ ಹತ್ತಿರ ಏರಬಹುದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲವಿಲ್ಲ. ಅದನ್ನು ಹೊರಗೆ ಮರಕ್ಕೆ ಕಟ್ಟಿ ಹೋಗುವುದಕ್ಕೂ ಉದ್ಯಾನದ ನಿಯಮ ಒಪ್ಪುವುದಿಲ್ಲ.

ಆದ್ದರಿಂದ ಗಂಡ ಹೆಂಡತಿ ಸರದಿ ಮಾಡಿಕೊಳ್ಳಿ. ಬೆಳಗಿನ ಜಾವ ಒಬ್ಬರು ಬ್ರೈಟ್ ಏಂಜಲ್ ದಾರಿಯಲ್ಲಿ ಒಂದೂವರೆ ಮೈಲಿ ಇಳಿದು ಹತ್ತಿ ಬರಲಿ, ಮತ್ತೊಬ್ಬರು ನಾಯಿಗಳೊಂದಿಗೆ ಅಂಚಿನ ಮೇಲೆ ನಡೆಯಲಿ. ಮರುದಿನ ಅದಲು ಬದಲು. ಇಬ್ಬರೂ ಒಟ್ಟಿಗೇ ಇಳಿಯಬೇಕೆಂದಿದ್ದರೆ ದಕ್ಷಿಣ ಅಂಚಿನಲ್ಲೇ ನಾಯಿಗಳನ್ನು ಹಗಲು ಬಿಟ್ಟುಹೋಗುವ ಕೆನಲ್ ಇದೆ. ಮೊದಲೇ ಫೋನ್ ಮಾಡಿ ಕಾದಿರಿಸಿ, ಲಸಿಕೆಯ ದಾಖಲೆಗಳನ್ನು ಜೊತೆಗಿಟ್ಟುಕೊಳ್ಳಿ. ಊರಿನಿಂದ ತಂದೆತಾಯಿ ಬಂದಿರುವ ಸಮಯವಾದರೆ ಇನ್ನೂ ಒಳ್ಳೆಯದು. ಆದರೆ ತಟ್ಟೆಯಿಂದ ದ್ರಾಕ್ಷಿ ಹಾಕಿದ ಮೊಸರನ್ನವನ್ನಾಗಲಿ, ಈರುಳ್ಳಿ ಬಿದ್ದ ಪಲ್ಯವನ್ನಾಗಲಿ ನಾಯಿಗೆ ಪ್ರೀತಿಯಿಂದ ತಿನ್ನಿಸಬಾರದೆಂದು ಅವರಿಗೆ ಹೇಳಿಡಿ. ದ್ರಾಕ್ಷಿ, ಈರುಳ್ಳಿ ಎರಡೂ ಅವಕ್ಕೆ ವಿಷ.

ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ವರೆಗೆ ರಸ್ತೆ ಸುಮಾರು 1,800 ಮೀಟರ್ ಏರುತ್ತದೆ. ಬೆಳಿಗ್ಗೆ ಐದಕ್ಕೆ ಹೊರಟರೆ ಎಂಜಿನ್ನಿಗೂ ನಾಯಿಗಳಿಗೂ ಸುಖ. ದಕ್ಷಿಣ ಅಂಚು ಎರಡು ಸಾವಿರ ಮೀಟರ್ ಎತ್ತರದಲ್ಲಿದ್ದು ಮೇ ತಿಂಗಳ ರಾತ್ರಿಯಲ್ಲೂ ಕೊರೆಯುವ ಚಳಿ ಇರುತ್ತದೆ. ಬಯಲುಸೀಮೆಯ ಬಿಸಿಲಿಗೆ ಹೇಳಿಮಾಡಿಸಿದ ಸಣ್ಣ ಕೂದಲಿನ ಮುಧೋಳಕ್ಕೆ ಒಂದು ಸ್ವೆಟರ್ ಬೇಕೇ ಬೇಕು.

ಮೂರು ರಾತ್ರಿ ಅಲ್ಲಿ ಕಳೆದು, ಐ-40 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಲ್‌ಬ್ರೂಕ್‌ಗೆ ಬನ್ನಿ. ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯ ಮರಗಳು ಕಲ್ಲಾಗಿ ಮಲಗಿವೆ, ಮತ್ತು ಅಲ್ಲಿನ ಕಾಲುದಾರಿಗಳಲ್ಲಿ ನಿಮ್ಮ ನಾಯಿಗಳೂ ಹಗ್ಗದಲ್ಲಿ ನಿಮ್ಮೊಂದಿಗೆ ನಡೆಯಬಹುದು. ಇಂಥ ಉದ್ಯಾನಗಳು ತೀರಾ ವಿರಳ. ನೀಲಿ, ಬೂದು, ನೇರಳೆ ಪಟ್ಟೆಗಳ ಗುಡ್ಡಗಳ ನಡುವೆ ಬ್ಲೂ ಮೆಸಾದ ಒಂದು ಮೈಲಿಯ ಸುತ್ತನ್ನು ನಾಯಿಯ ಜೊತೆ ನಡೆದ ಬೆಳಗು ನನ್ನ ಇಲ್ಲಿನ ಬದುಕಿನ ಅತ್ಯಂತ ಪ್ರೀತಿಯ ನೆನಪುಗಳಲ್ಲೊಂದು. ಎಲ್ಲಿಯೂ ನೆರಳಿಲ್ಲವಾದ್ದರಿಂದ ದ್ವಾರ ತೆರೆದ ಕೂಡಲೇ ಒಳಗೆ ಹೋಗಿ. ಒಳಗೆ ಆರ್‌ವಿ ನಿಲ್ಲಿಸಿ ತಂಗಲು ಅವಕಾಶವಿಲ್ಲ. ರಾತ್ರಿಗೆ ಹೋಲ್‌ಬ್ರೂಕ್ ಇದೆ. ಕಲ್ಲಾದ ಮರದ ಒಂದು ಚೂರನ್ನೂ ಎತ್ತಿಕೊಳ್ಳಬೇಡಿ, ಅದು ಅಪರಾಧ.

ಕೊನೆಯದಾಗಿ, ನಿಮ್ಮ ಮುಧೋಳಕ್ಕೆ ಭಾರತದಲ್ಲಿ ಹಾಕಿಸಿದ ಮೈಕ್ರೋಚಿಪ್‌ನ ದಾಖಲೆಯಲ್ಲಿ ಇನ್ನೂ ಊರಿನ ಫೋನ್ ಸಂಖ್ಯೆಯೇ ಇರಬಹುದು. ಹೊರಡುವ ಮೊದಲು ಅದನ್ನು ಇಲ್ಲಿನ ಸಂಖ್ಯೆಗೆ ಬದಲಾಯಿಸಿ, ಅದೇ ಸಂಖ್ಯೆಯನ್ನು ಎರಡೂ ನಾಯಿಗಳ ಕೊರಳ ಬಿಲ್ಲೆಯ ಮೇಲೆ ಕೆತ್ತಿಸಿ.