ಮುಳುಗಡೆ ಊರಿನ ಫೋಟೋ ಸಿಗದಿದ್ದರೆ ಮೊದಲು ಪರಿಹಾರದ ಕಾಗದ ಹುಡುಕಿ

ನೀವು ಕೇಳಿರೋದು ಇಷ್ಟು: ಅಜ್ಜನ ಊರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಆ ಊರಿನವರ ಮಕ್ಕಳು, ಮೊಮ್ಮಕ್ಕಳು ಈಗ ಒಟ್ಟು ಸೇರಿ ನೆನಪು, ಹಳೇ ಫೋಟೋ ಎಲ್ಲ ಒಂದು ಕಡೆ ಕೂಡಿಸಬೇಕು ಅಂತಿದ್ದೀರಿ. ಆದರೆ ಊರಿನದು ಅಂತ ಒಂದೇ ಒಂದು ಫೋಟೋ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡೋದು?

ನಮ್ಮದೂ ಮುಳುಗಡೆ ಮನೆತನವೇ. ಸಾಗರ ತಾಲ್ಲೂಕಿನ ಹೊಳೆದಂಡೆಯಿಂದ ಎದ್ದು ಶಿವಮೊಗ್ಗದ ಕಡೆ ಕಾಡಿಗೆ ಬಂದು ಬಿದ್ದವರು. ನಮ್ಮ ಊರಿನವರೂ ಸೇರಿಕೊಂಡು ಇದೇ ಕೆಲಸ ಮಾಡುತ್ತಿದ್ದೇವೆ, ಹಾಗಾಗಿ ಹೇಳುತ್ತಿದ್ದೇನೆ. ಫೋಟೋ ಸಿಗದೇ ಇರೋದು ನಿಮ್ಮೊಬ್ಬರ ಕಥೆ ಅಲ್ಲ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕಿಂತ ಮುಂಚೆ ಶರಾವತಿ ಕಣಿವೆಯ ಹಳ್ಳಿಯಲ್ಲಿ ಯಾರ ಹತ್ತಿರ ಕ್ಯಾಮೆರಾ ಇತ್ತು? ಫೋಟೋ ಅಂದರೆ ಸಾಗರ ಪೇಟೆಗೆ ಹೋಗಿ ಸ್ಟುಡಿಯೋದಲ್ಲಿ ಪರದೆಯ ಮುಂದೆ ನಿಂತು ತೆಗೆಸೋದು. ಹಾಗಾಗಿ ಸಿಕ್ಕರೂ ಮನುಷ್ಯರ ಮುಖ ಸಿಗುತ್ತದೆ, ಹಿಂದೆ ಬಣ್ಣ ಬಳಿದ ತೋಟ, ಕಂಬ ಇರುತ್ತದೆ. ಊರು ಸಿಗಲ್ಲ.

ಅದಕ್ಕೇ ನನ್ನ ಸಲಹೆ, ಫೋಟೋ ಆಮೇಲೆ. ಮೊದಲು ಭೂಸ್ವಾಧೀನದ ಅವಾರ್ಡ್ ಹುಡುಕಿ.

ಅವಾರ್ಡ್ ಅಂದರೆ 1894ರ ಭೂಸ್ವಾಧೀನ ಕಾಯ್ದೆಯ ಕೆಳಗೆ ಸರ್ಕಾರ ಜಮೀನು ತಗೊಂಡು, ಯಾರಿಗೆ ಎಷ್ಟು ಪರಿಹಾರ ಅಂತ ಬರೆದ ಆದೇಶ. ಓದೋಕೆ ಒಣ ಕಾಗದ. ಆದರೆ ಪರಿಹಾರ ಲೆಕ್ಕ ಹಾಕಬೇಕಾದರೆ ಅಲ್ಲಿ ಏನೇನಿತ್ತು ಅಂತ ಬರೆಯಲೇಬೇಕಲ್ಲ? ಸರ್ವೆ ನಂಬರು, ಗದ್ದೆ ಎಷ್ಟು, ತೋಟ ಎಷ್ಟು, ಫಲ ಬಿಡುವ ಅಡಕೆ ಮರ ಎಷ್ಟು, ಸಸಿ ಎಷ್ಟು, ಹಲಸು, ಮಾವು, ಬಾವಿ, ಕೊಟ್ಟಿಗೆ, ಮನೆಗೆ ಹೆಂಚೋ ಸೋಗೆಯೋ, ಗೋಡೆ ಕಲ್ಲಿನದೋ ಮಣ್ಣಿನದೋ, ಇದೆಲ್ಲ ಒಬ್ಬ ಗುಮಾಸ್ತರು ಕೂತು ಬರೆದಿಟ್ಟಿರುತ್ತಾರೆ. ನಮ್ಮ ಮನೆಯ ಕಾಗದ ಓದಿದಾಗ ಅಜ್ಜಿ ಬಾಯಲ್ಲಿ ಸುಮ್ನೆ ‘ದೊಡ್ಡ ಮನೆ’ ಆಗಿದ್ದದ್ದಕ್ಕೆ ಉದ್ದ, ಅಗಲ ಬಂತು. ಅಷ್ಟೇನೂ ದೊಡ್ಡದಿರಲಿಲ್ಲ ಅನ್ನೋದು ಬೇರೆ ಮಾತು.

ಇದರ ಪ್ರತಿ ಮೊದಲು ಹುಡುಕಬೇಕಾದದ್ದು ಮನೆಯಲ್ಲೇ. ಹಳೇ ಟ್ರಂಕು, ದೇವರ ಕೋಣೆಯ ನಾಗಂದಿಗೆ, ವಕೀಲರಿಗೆ ಕೊಟ್ಟು ವಾಪಸ್ ತಂದ ಕಡತ, ಇಲ್ಲೆಲ್ಲ ನೋಡಿ. ಮುಳುಗಡೆಯವರು ಕಾಗದ ಎಸೆಯೋ ಜನ ಅಲ್ಲ. ಹೊಸ ಜಾಗದ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿರುವವರು ಅದನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನ ಮಾಡಿರುತ್ತಾರೆ. ಅಲ್ಲಿ ಸಿಗದಿದ್ದರೆ ಕಂದಾಯ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೇಳುವಾಗ ‘ನಮ್ಮ ಊರಿನ ದಾಖಲೆ ಕೊಡಿ’ ಅಂದರೆ ‘ಲಭ್ಯವಿಲ್ಲ’ ಅಂತ ಒಂದು ಸಾಲಿನ ಉತ್ತರ ಬರುತ್ತದೆ, ನಮಗೂ ಬಂದಿತ್ತು. ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರು, ಖಾತೆದಾರರ ಹೆಸರು ಹಾಕಿ ಕೇಳಿದರೆ ಹುಡುಕೋರಿಗೂ ಸುಲಭ. ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಹಳೇ ಗ್ರಾಮ ನಕ್ಷೆ ಕೇಳಿ. ಮುಳುಗಿದ ಊರಿಗೂ ಒಮ್ಮೆ ಅಳತೆ ಆಗಿತ್ತು, ನಕ್ಷೆ ಇತ್ತು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆಯಲ್ಲೂ ಒಮ್ಮೆ ವಿಚಾರಿಸಿ.

ಆದರೆ ಒಂದು ದೊಡ್ಡ ತೊಡಕಿದೆ, ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಅವಾರ್ಡಿನಲ್ಲಿ ಜಮೀನಿನ ಒಡೆಯರ ಹೆಸರಿರುತ್ತದೆ. ಉತ್ತವರ ಹೆಸರು ಬಹಳ ಕಡೆ ಇರಲ್ಲ. ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಊರು ಮುಳುಗಿದ್ದು ಅದಕ್ಕೆ ಹತ್ತು ವರ್ಷ ಮುಂಚೆ. ಬೇರೆ ಕಡೆ ಗೇಣಿ ಮಾಡಿದವರಿಗೆ ಮುಂದೆ ಜಮೀನು ಸಿಕ್ಕಿತು, ನಮ್ಮ ಕಣಿವೆಯ ಗೇಣಿದಾರರಿಗೆ ಆ ಹೊತ್ತಿಗೆ ಕೇಳೋಕೆ ಜಮೀನೇ ಇರಲಿಲ್ಲ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನವಾದದ್ದು ಇಲ್ಲೇ, ಆದರೂ ಕಥೆ ಹೀಗಾಯಿತು. ಫೋಟೋದ್ದೂ ಇದೇ ಪಾಡು. ಸ್ಟುಡಿಯೋಗೆ ಹೋಗುವ ಶಕ್ತಿ ಇದ್ದದ್ದು ನಾಲ್ಕು ಮನೆಯವರಿಗೆ. ನೀವು ಸಿಕ್ಕ ಫೋಟೋಗಳನ್ನಷ್ಟೇ ಜೋಡಿಸುತ್ತಾ ಹೋದರೆ ಕೊನೆಗೆ ಉಳಿಯೋದು ಊರಿನ ಚರಿತ್ರೆ ಅಲ್ಲ, ಆ ನಾಲ್ಕು ಮನೆಯ ಆಲ್ಬಮ್. ಬೇಕಿದ್ದರೆ ಇದನ್ನು ನನ್ನ ಹಠ ಅಂತ ತಿಳಿದುಕೊಳ್ಳಿ, ನಮ್ಮ ಗುಂಪಿನಲ್ಲಿ ಇದರ ಮೇಲೆ ಜಗಳವೂ ಆಗಿದೆ.

ಹಾಗಾದರೆ ಕಾಗದವೂ ಇಲ್ಲ, ಫೋಟೋನೂ ಇಲ್ಲ ಅನ್ನೋ ಮನೆಯವರಿಂದ ಏನು ತಗೋಬೇಕು? ತುಂಬಾ ಇದೆ.

ಒಂದು, ಸಾಮಾನು. ಎದ್ದು ಹೋಗುವಾಗ ಜನ ಮನೆಯನ್ನೇ ಬಿಚ್ಚಿಕೊಂಡು ಲಾರಿಗೆ ಹಾಕಿಕೊಂಡು ಹೋದರು. ಬಾಗಿಲು, ದಾರಂದ, ಕಂಬ, ಹೆಂಚು, ಒರಳು, ತುಳಸಿಕಟ್ಟೆಯ ಕಲ್ಲು. ಈಗ ಕಾಡಂಚಿನ ಹೊಸ ಊರಿನ ಮನೆಯಲ್ಲಿ ಗೋಡೆ ಸಿಮೆಂಟು, ಆದರೆ ಜಗಲಿಯ ಕಂಬ ನೋಡಿದರೆ ಹಳೇ ಊರಿನದು. ಆ ಕಂಬದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅದನ್ನು ಹೊತ್ತು ತಂದವರು ಬದುಕಿದ್ದರೆ ಅವರನ್ನು ನಿಲ್ಲಿಸಿ. ದೇವರುಗಳೂ ಲಾರಿ ಹತ್ತಿ ಬಂದಿವೆ. ಚೌಡಿ, ಭೂತಪ್ಪ, ಮಾರಿ, ಯಾವ ಕಲ್ಲು ಬಂತು, ಯಾವುದು ಅಲ್ಲೇ ಉಳಿಯಿತು ಅಂತ ಕೇಳಿ ನೋಡಿ. ಸುಮ್ಮನಿದ್ದ ಹಿರಿಯರೂ ಮಾತಾಡೋಕೆ ಶುರು ಮಾಡುತ್ತಾರೆ.

ಇನ್ನೊಂದು, ಹೆಣ್ಣುಮಕ್ಕಳು. ಇದನ್ನು ಎಲ್ಲರೂ ಮರೆಯುತ್ತಾರೆ. ಮುಳುಗಡೆಗೆ ಮುಂಚೆ ಆ ಊರಿನಿಂದ ಮದುವೆಯಾಗಿ ಸೊರಬಕ್ಕೋ, ಸಿದ್ದಾಪುರಕ್ಕೋ, ಹೊಸನಗರಕ್ಕೋ ಹೋದವರು ಇದ್ದಾರಲ್ಲ, ಅವರ ಮನೆ ಮುಳುಗಲಿಲ್ಲ. ಅವರ ಪೆಟ್ಟಿಗೆಯೂ ಮುಳುಗಲಿಲ್ಲ. ತವರಿನಿಂದ ಬಂದ ಪತ್ರ, ಮದುವೆ ಕರೆಯೋಲೆ, ಅಣ್ಣನ ಸ್ಟುಡಿಯೋ ಫೋಟೋ, ಹೀಗೆ ಏನಾದರೂ ಒಂದು ಇದ್ದೇ ಇರುತ್ತದೆ. ನಮ್ಮ ಊರಿನ ಅತಿ ಹಳೇ ಫೋಟೋ ಸಿಕ್ಕಿದ್ದು ಊರಿನ ಯಾರ ಮನೆಯಲ್ಲೂ ಅಲ್ಲ, ಸಿದ್ದಾಪುರದ ಕಡೆ ಕೊಟ್ಟ ಒಬ್ಬ ಅತ್ತೆಯ ಹತ್ತಿರ. ಮನೆ ದೀವರ ಸಮುದಾಯದ್ದಾದರೆ ಗೋಡೆಯ ಹಸೆ ಚಿತ್ತಾರ, ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಚಿತ್ತಾರ ಬರೆಯುವ ಅಜ್ಜಿಯರನ್ನು ಕೇಳಿ. ಯಾವ ಎಳೆ ಯಾರಿಂದ ಕಲಿತದ್ದು, ಆ ಊರಿನ ಗೋಡೆಯ ಮೇಲೆ ಹೇಗೆ ಬರೆಯುತ್ತಿದ್ದರು ಅಂತ ಅವರ ಕೈಗೆ ಗೊತ್ತಿರುತ್ತದೆ. ಬರೆಯುವಾಗ ಹಾಡುವ ಹಾಡಿದ್ದರೆ ಅದನ್ನೂ ರೆಕಾರ್ಡ್ ಮಾಡಿ.

ಮತ್ತೆ, ಅಣೆಕಟ್ಟು ಕಟ್ಟಿದವರು. ಕಾರ್ಗಲ್, ಜೋಗದ ಕಾಲೊನಿಗಳಲ್ಲಿ ಬೇರೆ ಬೇರೆ ಕಡೆಯಿಂದ ಕೆಲಸಕ್ಕೆ ಬಂದು ಅಲ್ಲೇ ನಿಂತ ಮನೆತನಗಳಿವೆ. ಕಾಮಗಾರಿಯ ಫೋಟೋ ನಮಗಿಂತ ಜಾಸ್ತಿ ಅವರ ಹತ್ತಿರ ಇರುತ್ತದೆ. ನಮ್ಮಲ್ಲಿ ಕೆಲವರಿಗೆ ಅವರ ಮನೆ ಬಾಗಿಲಿಗೆ ಹೋಗಲು ಇವತ್ತಿಗೂ ಮನಸ್ಸಿಲ್ಲ. ಆದರೆ ಅವರೂ ಕೂಲಿಗೆ ಬಂದ ಬಡವರೇ ಅಲ್ವಾ?

ಹಿರಿಯರನ್ನು ಮಾತಾಡಿಸೋ ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು. ‘ಊರು ಹೇಗಿತ್ತು?’ ಅಂತ ಕೇಳಬೇಡಿ. ‘ಚೆನ್ನಾಗಿತ್ತು ಮಾರಾಯ’ ಅಂತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ದಾರಿ ಕೇಳಿ. ನಿಮ್ಮ ಅಂಗಳದಿಂದ ಹೊಳೆಗೆ ಇಳಿಯುವಾಗ ಮೊದಲು ಯಾರ ಮನೆ ಸಿಗುತ್ತಿತ್ತು? ಆಮೇಲೆ? ಸಂಕ (ಕಾಲುಸೇತುವೆ) ಎಲ್ಲಿತ್ತು? ದೋಣಿ ಕಡವು ಯಾವ ಮರದ ಕೆಳಗೆ? ಶಾಲೆಗೆ ಯಾವ ಕಡೆಯಿಂದ ಹತ್ತುತ್ತಿದ್ದಿರಿ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಯಾರ್ಯಾರಿಗೆ ಸೇರಿತ್ತು? ಹೀಗೆ ನಡೆಸಿಕೊಂಡು ಹೋದರೆ ಊರು ತಾನಾಗೇ ಬರುತ್ತದೆ, ಜೊತೆಗೆ ಯಾರ ಮನೆಯ ಅಂಗಳ ಯಾರು ತುಳಿಯೋ ಹಾಗಿರಲಿಲ್ಲ ಅನ್ನೋದೂ ಬರುತ್ತದೆ. ಅದನ್ನೂ ಬರೆದುಕೊಳ್ಳಿ. ಸಾಧ್ಯವಾದರೆ ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿ, ಗ್ರಾಮ ನಕ್ಷೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮುಂದೆ ಹರಡಿ. ‘ಅಲ್ಲಲ್ಲ, ಅದು ಈ ಕಡೆ’ ಅಂತ ಅವರೇ ಜಗಳ ಮಾಡಿಕೊಂಡು ಸರಿ ಮಾಡುತ್ತಾರೆ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಇಡಿ. ನೀವು ಹುಟ್ಟೋಕೆ ಮುಂಚಿನ ವಿಷಯದಲ್ಲಿ ತೀರ್ಪು ಕೊಡೋಕೆ ಹೋಗಬೇಡಿ.

ಇನ್ನು ಬೇಸಿಗೆಯ ಫೋಟೋಗಳು. ಜಲಾಶಯದ ಪೂರ್ತಿ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷ ಮೇ ಹೊತ್ತಿಗೆ ನೀರು ಎಷ್ಟು ಕೆಳಗಿಳಿಯುತ್ತದೆ ಅಂದರೆ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತದೆ. 1948ರ ಹೊತ್ತಿಗೆ ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕಾಗಿ ಕಟ್ಟಿದ್ದು ಅದು. ಆಮೇಲೆ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೂ ನುಂಗಿತು. ಹೆಚ್ಚಾದ ನೀರು ತಾನಾಗೇ ಹೊರಹೋಗಲು ಮಾಡಿದ್ದ ಅದರ ದುಂಡಗಿನ ಸೈಫನ್‌ಗಳನ್ನು ನೋಡೋಕೆ ಜನ ಬೈಕ್ ಹಾಕಿಕೊಂಡು ಬರುತ್ತಾರೆ, ರೀಲ್ಸ್ ಮಾಡುತ್ತಾರೆ, ಮಾಡಲಿ. ಆದರೆ ನಿಮ್ಮ ಕೆಲಸ ಬೇರೆ. ಅಂಥ ವರ್ಷ ಸಿಕ್ಕರೆ ನಡೆಯೋ ಶಕ್ತಿ ಇರೋ ಹಿರಿಯರನ್ನು ಕರೆದುಕೊಂಡು ಹೋಗಿ. ಮನೆಯ ಪಂಚಾಂಗ (ತಳಪಾಯ), ಬಾವಿಯ ಕಟ್ಟೆ, ಮೆಟ್ಟಿಲು, ಸತ್ತ ಮರದ ಬುಡ, ಏನು ಕಂಡರೂ ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೆಯಿರಿ. ಆ ಅಕ್ಷಾಂಶ, ರೇಖಾಂಶವನ್ನು ಗ್ರಾಮ ನಕ್ಷೆಯ ಜೊತೆ ತಾಳೆ ಹಾಕಿದರೆ ಯಾವ ಬಾವಿ ಯಾರದ್ದು ಅಂತ ಹೇಳಬಹುದು. ಕೆಸರು ಹುಷಾರು, ಮೇಲೆ ಒಣಗಿದ ಹಾಗೆ ಕಂಡರೂ ಮೊಣಕಾಲು ತನಕ ಹೂತು ಹೋಗುತ್ತದೆ.

ಎರಡು ಸಲ ಎದ್ದ ಮನೆಗಳಿವೆ ಅನ್ನೋದು ಇಲ್ಲಿ ಮುಖ್ಯ. ಹಿರೇಭಾಸ್ಕರಕ್ಕೆ ಒಮ್ಮೆ ಎದ್ದು ಸ್ವಲ್ಪ ಮೇಲೆ ಹೋಗಿ ಮನೆ ಕಟ್ಟಿದರು, ಹದಿನೈದು ವರ್ಷ ಚಿಲ್ಲರೆ ಕಳೆಯೋದರಲ್ಲಿ ಲಿಂಗನಮಕ್ಕಿಗೆ ಮತ್ತೆ ಎದ್ದರು. ಹಿರಿಯರು ‘ಮುಳುಗಡೆ ಆದಾಗ’ ಅಂದರೆ ಯಾವುದು ಅಂತ ಕೇಳಿ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ.

ಶಾಸನ, ವೀರಗಲ್ಲಿನ ವಿಷಯ ಬೇಕಾದರೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೇ ಸಂಪುಟ ನೋಡಿ, 1904ರದ್ದು. ಅದರಲ್ಲಿ ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ, ಊರಿನ ಹೆಸರಿನ ಸಮೇತ. ಅಣೆಕಟ್ಟಿಗೆ ಅರವತ್ತು ವರ್ಷ ಮುಂಚಿನ ಪುಸ್ತಕ ಆದ್ದರಿಂದ ನಿಮ್ಮ ಊರೂ ಅದರಲ್ಲಿ ಇದೆಯಾ ಅಂತ ಒಮ್ಮೆ ಪುಟ ತಿರುವಿ ಹಾಕಿ.

ಫೋಟೋ ಸಿಕ್ಕಾಗ ಹೇಗೆ ಇಟ್ಟುಕೊಳ್ಳೋದು ಅನ್ನೋದು ಜಾಸ್ತಿ ಹೇಳಬೇಕಾದ್ದಲ್ಲ. ಅಸಲು ಪ್ರತಿ ಮನೆಯವರ ಹತ್ತಿರವೇ ಇರಲಿ, ತಗೊಂಡು ಬರಬೇಡಿ. ಅಲ್ಲೇ ಸ್ಕ್ಯಾನ್ ಮಾಡಿ, 600 ಡಿಪಿಐ ಇರಲಿ, ಹಿಂಬದಿಯನ್ನೂ ಮಾಡಿ, ಏಕೆಂದರೆ ಸ್ಟುಡಿಯೋದ ಮುದ್ರೆ, ತಾರೀಖು ಇರೋದು ಅಲ್ಲೇ. ಆಲ್ಬಮ್ಮಿಗೆ ಅಂಟಿಹೋದದ್ದನ್ನು ಕೀಳಬೇಡಿ. ವಾಟ್ಸಾಪಿನಲ್ಲಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಯಾರು, ಯಾವ ಮನೆ, ಯಾರು ಹೇಳಿದ್ದು, ಈ ಮೂರು ಬರೆಯದ ಫೋಟೋವನ್ನು ನಾವು ಗುಂಪಿಗೆ ಹಾಕೋದೇ ಇಲ್ಲ. ಎಐ ಹಾಕಿ ಬಣ್ಣ ತುಂಬೋದು ಬೇಡವೇ ಬೇಡ. ಅಜ್ಜಿ ಉಟ್ಟಿದ್ದ ಸೀರೆಯ ಬಣ್ಣ ಅದಕ್ಕೇನು ಗೊತ್ತು?

ಬೇರೆ ಊರಿನ ಫೋಟೋ ನುಸುಳೋದೂ ಇದೆ. ಶಿವಮೊಗ್ಗದ ಹತ್ತಿರ ಶೆಟ್ಟಿಹಳ್ಳಿ ಕಾಡಿದೆ, ಶರಾವತಿ ಮುಳುಗಡೆಯವರ ಊರುಗಳು ಅಲ್ಲಿವೆ. ಹಾಸನದ ಹತ್ತಿರವೂ ಒಂದು ಶೆಟ್ಟಿಹಳ್ಳಿ ಇದೆ, ಹೇಮಾವತಿ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚಿನದ್ದು. ಆ ಚರ್ಚಿನ ಫೋಟೋ ‘ನಮ್ಮ ಶರಾವತಿ ಮುಳುಗಡೆ’ ಅಂತ ನಮ್ಮ ಗುಂಪಿಗೆ ಬರುತ್ತಲೇ ಇರುತ್ತದೆ.

ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಫೋಟೋಗಳನ್ನೂ ಈಗಲೇ ಕೂಡಿಸಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು, ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರ್ ಉದ್ದದ್ದು. ಅದಕ್ಕೆ ಮುಂಚೆ ಆಚೆ ದಡದ ತುಮರಿ ಕಡೆಯವರಿಗೆ ಬಸ್ಸು, ಹೆರಿಗೆ, ಹೆಣ, ಮದುವೆ ದಿಬ್ಬಣ ಎಲ್ಲ ಲಾಂಚಿನ ಮೇಲೇ. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ಆಚೆ ದಡದವರು ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ಸಂಜೆ ಕೊನೇ ಲಾಂಚು ತಪ್ಪಿದ ಕಥೆ ಪ್ರತಿ ಮನೆಯಲ್ಲೂ ಒಂದಿದೆ. ಮೊಬೈಲ್ ಬಂದ ಮೇಲಿನ ಫೋಟೋ ಅಂತ ತಾತ್ಸಾರ ಮಾಡಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಅವಾರ್ಡ್, ಪಹಣಿ, ಹಕ್ಕುಪತ್ರದ ಪ್ರತಿಗಳನ್ನು ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ. ಬಹಳ ಜನ ಕೂತಿರೋ ಜಾಗ ದಾಖಲೆಯಲ್ಲಿ ಇವತ್ತಿಗೂ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸೋ ಹಾಗಿಲ್ಲ. ಯಾರ ಹತ್ತಿರ ಯಾವ ಕಾಗದ ಇದೆ, ಯಾರ ಹತ್ತಿರ ಇಲ್ಲ ಅನ್ನೋದು ಹೊರಗೆ ಹೋದರೆ ತೊಂದರೆ ಆಗೋದು ಪಾಪ ಅವರಿಗೇ. ಮನೆಯವರು ಒಪ್ಪಿದಷ್ಟೇ ಹಾಕಿ. ಬೇಡ ಅಂದರೆ ಪ್ರತಿ ಇಟ್ಟುಕೊಂಡು ಸುಮ್ಮನಿರಿ.

ನಿಮ್ಮ ಊರು ಕರೂರು ಹೋಬಳಿಯದ್ದೋ ಬಾರಂಗಿಯದ್ದೋ ಅಥವಾ ಹೊಸನಗರ ತಾಲ್ಲೂಕಿನ ಕಡೆಯದ್ದೋ ಅಂತ ಬರೆದಿಲ್ಲ. ಹಿರೇಭಾಸ್ಕರಕ್ಕೆ ಎದ್ದವರೋ ಲಿಂಗನಮಕ್ಕಿಗೋ ಅನ್ನೋದನ್ನೂ ತಿಳಿಸಿ. ಹುಡುಕಬೇಕಾದ ಕಡತ ಬೇರೆ ಬೇರೆ, ಗೊತ್ತಾದರೆ ಅರ್ಜಿಯಲ್ಲಿ ಏನು ಬರೆಯಬೇಕು ಅಂತ ನಮ್ಮದರ ನಮೂನೆ ಕೊಡುತ್ತೇನೆ.