ವಿದ್ಯಾರ್ಥಿಗಳೇ ನಡೆಸುವ ಲೈವ್ ಟಿವಿ ಕಾರ್ಯಕ್ರಮದಲ್ಲಿ ತೆರೆಯ ಹಿಂದೆ ಏನೆಲ್ಲ ನಡೆಯುತ್ತದೆ?

ನೀವು ಕೇಳಿದ್ದು ಎರಡು. ಕಾಲೇಜು ಹುಡುಗರೇ ಮಾಡುವ ಲೈವ್ ಶೋದಲ್ಲಿ ಕ್ಯಾಮೆರಾ ಹಿಂದೆ ಯಾರ್ಯಾರು ಏನೇನು ಮಾಡುತ್ತಾರೆ, ಮತ್ತು ನಿಮ್ಮ ಕಾಲೇಜಿನಲ್ಲಿ ಶುರು ಮಾಡಲು ಮೊದಲು ಒಳ್ಳೆ ಕ್ಯಾಮೆರಾ ತೆಗೆದುಕೊಳ್ಳಬೇಕಾ ಅಂತ. ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಬೇಡ. ದುಡ್ಡಿದ್ದರೆ ಮೈಕಿಗೆ ಹಾಕಿ. ಲೈವ್ ಶೋದಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ.

ನಾನು ಓದಿದ್ದು ಶಿರಸಿಯಲ್ಲಿ, ಪತ್ರಿಕೋದ್ಯಮ. ಊರಿನ ಕೇಬಲ್ ಚಾನೆಲ್ಲಿಗೆ ನಮ್ಮ ತಂಡ ಶನಿವಾರ ಸಂಜೆ ಅರ್ಧ ಗಂಟೆಯ ಫೋನ್-ಇನ್ ಕಾರ್ಯಕ್ರಮ ಕೊಡುತ್ತಿತ್ತು. ಒಬ್ಬರು ಅತಿಥಿ, ಒಬ್ಬಳು ನಿರೂಪಕಿ, ಮೂರು ಕ್ಯಾಮೆರಾ. ಮಳೆಗಾಲದಲ್ಲಿ ವಿಷಯ ಏನಿಟ್ಟರೂ ಫೋನ್ ಮಾಡುವವರು ಮಾತಾಡುವುದು ಅಡಿಕೆಯ ಕೊಳೆರೋಗದ ಬಗ್ಗೆಯೇ. ಹಾಗಾಗಿ ನಾವೂ ಅದನ್ನೇ ವಿಷಯ ಮಾಡಿಕೊಳ್ಳುತ್ತಿದ್ದೆವು. ನಾನು ಹೆಚ್ಚಾಗಿ ಕೂರುತ್ತಿದ್ದುದು ಪಿಸಿಆರ್‌ನಲ್ಲಿ, ಅಂದರೆ ಪ್ರೊಡಕ್ಷನ್ ಕಂಟ್ರೋಲ್ ರೂಮಿನಲ್ಲಿ. ಹೆಸರು ದೊಡ್ಡದು. ನಮ್ಮದು ಲ್ಯಾಬಿನ ಹಳೇ ಸ್ಟೋರ್ ರೂಮು.

ಪಿಸಿಆರ್‌ನಲ್ಲಿ ಎದುರಿಗೆ ಮಾನಿಟರ್‌ಗಳು. ಮೂರು ಕ್ಯಾಮೆರಾಗಳ ಚಿತ್ರ, ಪಕ್ಕದಲ್ಲಿ ಪ್ರಿವ್ಯೂ (ಮುಂದೆ ತೋರಿಸಬೇಕಾದ ಚಿತ್ರ), ಅದರ ಪಕ್ಕ ಪ್ರೋಗ್ರಾಂ. ಪ್ರೋಗ್ರಾಂನಲ್ಲಿ ಕಾಣುವುದಷ್ಟೇ ಜನರ ಮನೆಗೆ ಹೋಗುತ್ತದೆ. ನಿರ್ದೇಶಕ ಬಾಯಲ್ಲಿ ಹೇಳುತ್ತಾನೆ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚರ್ ಮುಂದೆ ಕೂತವನು ಬಟನ್ ಒತ್ತುತ್ತಾನೆ. ಎಲ್ಲರ ಕಿವಿಗೂ ಹೆಡ್‌ಸೆಟ್. ಅದರಲ್ಲಿ ಬರುವ ಮಾತಿಗೆ ಟಾಕ್‌ಬ್ಯಾಕ್ ಅನ್ನುತ್ತಾರೆ. ನೀವು ಕದ್ದು ಕೇಳಿದರೆ ಹೀಗಿರುತ್ತದೆ:

“ಟೂ, ಟೈಟ್ ಹೋಗು. ಇನ್ನೂ ಸ್ವಲ್ಪ. ಹೋಲ್ಡ್. ರೆಡಿ ಟೂ. ಟೂ ಕಟ್. ಆಸ್ಟನ್ ಇನ್. ಒನ್, ಅವರ ಕೈಯಲ್ಲಿರೋ ಅಡಿಕೆ ಹಿಡಿ. ಆಸ್ಟನ್ ಔಟ್. ಫೋನಲ್ಲಿ ಯಾರು? ಯಲ್ಲಾಪುರವಾ? ಲೈನಲ್ಲೇ ಇರಲಿ. ರೆಡಿ ಒನ್. ಒನ್ ಕಟ್.”

ಒನ್, ಟೂ ಅಂದರೆ ಕ್ಯಾಮೆರಾ ನಂಬರ್, ಟೈಟ್ ಅಂದರೆ ಹತ್ತಿರದ ಶಾಟ್, ಕಟ್ ಅಂದರೆ ಆ ಕ್ಯಾಮೆರಾಗೆ ಬದಲಿಸು ಅಂತ. ಆಸ್ಟನ್ ಅಂದರೆ ಪರದೆಯ ಕೆಳಗೆ ಹೆಸರು, ಊರು ಬರುವ ಪಟ್ಟಿ. ಗಮನಿಸಿ, ಇಲ್ಲಿ ಒಬ್ಬನದೇ ದನಿ. ಕ್ಯಾಮೆರಾದವರು ತಿರುಗಿ ಮಾತಾಡುವ ಹಾಗಿಲ್ಲ. ಹೂಂ ಅನ್ನಬೇಕಾದರೆ ಕ್ಯಾಮೆರಾವನ್ನೇ ಮೇಲೆ ಕೆಳಗೆ ಆಡಿಸುತ್ತಾರೆ, ಉಹೂಂ ಅಂದರೆ ಎಡಕ್ಕೆ ಬಲಕ್ಕೆ. ಅದೂ ಕ್ಯಾಮೆರಾ ಮೇಲಿನ ಕೆಂಪು ಟ್ಯಾಲಿ ಲೈಟ್ ಆರಿದ್ದಾಗ, ಅಂದರೆ ಆ ಕ್ಯಾಮೆರಾದ ಚಿತ್ರ ಜನರಿಗೆ ಹೋಗದಿದ್ದಾಗ ಮಾತ್ರ. ಹೊಸದಾಗಿ ಬಂದವರಿಗೆ ಈ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಆಗುವುದೇ ಕಷ್ಟ. ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ: ಜನ ನೋಡುವುದು ವೇಷವನ್ನು, ಆಟ ನಡೆಯುವುದು ಭಾಗವತರ ಕೈಯಲ್ಲಿ.

ನಿರೂಪಣೆ ಮಾಡುತ್ತೇನೆ ಅಂತ ಕ್ಲಾಸಿಗೆ ಕ್ಲಾಸೇ ಕೈ ಎತ್ತುತ್ತದೆ. ಫ್ಲೋರ್ ಮ್ಯಾನೇಜರ್ ಆಗುತ್ತೇನೆ ಅಂತ ಯಾರೂ ಎತ್ತುವುದಿಲ್ಲ. ನನ್ನನ್ನು ಕೇಳಿದರೆ ತಂಡದ ಅತಿ ಚುರುಕಿನವರನ್ನು ಅಲ್ಲಿಗೇ ಹಾಕಬೇಕು. ನಿರ್ದೇಶಕನ ಮಾತು ಅತಿಥಿಗೆ ತಲುಪುವುದು ಆ ಒಬ್ಬರ ಕೈಸನ್ನೆಯಿಂದ. ಎಷ್ಟು ನಿಮಿಷ ಉಳಿದಿದೆ ಅಂತ ಬೆರಳು ತೋರಿಸುವುದು, ಮುಗಿಸಿ ಅಂತ ಗಾಳಿಯಲ್ಲಿ ಕೈ ಸುತ್ತುವುದು. ಶುರುವಾಗುವಾಗ ಹತ್ತರಿಂದ ಕೆಳಗೆ ಜೋರಾಗಿ ಎಣಿಸಿ, ಕೊನೆಯ ಎರಡು ಮೂರು ಅಂಕಿಗಳನ್ನು ಬಾಯಿಬಿಡದೆ ಬೆರಳಲ್ಲೇ ಎಣಿಸುತ್ತಾರೆ. ಅಷ್ಟೊತ್ತಿಗೆ ಮೈಕ್ ತೆರೆದಿರುತ್ತದೆ.

ಶಿರಸಿಯಲ್ಲಿ ಈ ಹುದ್ದೆಗೆ ಇನ್ನೂ ಒಂದು ಕೆಲಸ ಉಂಟು. ಹಿರಿಯ ಕೃಷಿಕರು ಬರುವುದೇ ಬಾಯಲ್ಲಿ ಕವಳ (ಎಲೆ ಅಡಿಕೆ) ಇಟ್ಟುಕೊಂಡು. ಅಡಿಕೆ ಬೆಳೆಗಾರರಿಗೆ ಕವಳ ಹಾಕಬೇಡಿ ಅಂತ ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ? ಮರ್ಯಾದೆಯಿಂದ ಹಿಂಬಾಗಿಲಿಗೆ ಕರೆದುಕೊಂಡು ಹೋಗಿ, ಬಾಯಿ ತೊಳೆಯಲು ನೀರು ಕೊಟ್ಟು, ಕೂರಿಸಿ, ಹೆಗಲ ಮೇಲಿನ ಶಾಲು ಕಾಲರ್ ಮೈಕಿಗೆ ಉಜ್ಜದ ಹಾಗೆ ಸರಿಸಬೇಕು. ಶಾಲು ಒಂದು ಸಲ ಉಜ್ಜಿದರೆ ಮನೆಯಲ್ಲಿ ಕೇಳುವವರಿಗೆ ಬಟ್ಟೆ ಹರಿದಂತೆ ಸದ್ದು. ಬಿಳಿ ಅಂಗಿ ಬೇಡ ಅಂತ ಮೊದಲೇ ಫೋನ್ ಮಾಡಿ ಹೇಳಿದರೂ ಬಿಳಿ ಅಂಗಿ, ಬಿಳಿ ಪಂಚೆಯಲ್ಲೇ ಬರುತ್ತಾರೆ. ಕ್ಯಾಮೆರಾ ಆಟೋದಲ್ಲಿದ್ದರೆ ಅಂಗಿಯ ಬೆಳಕು ನೋಡಿ ಮುಖ ಕಪ್ಪು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಮ್ಯಾನ್ಯುಯಲ್‌ಗೆ ಹಾಕಿ ಮುಖಕ್ಕೆ ಹೊಂದಿಸಿಕೊಂಡರೆ ಆಯಿತು.

ಈಗ ಫೋನಿನ ವಿಷಯ. “ನಿಮ್ಮ ಟಿವಿ ವಾಲ್ಯೂಮ್ ಕಡಿಮೆ ಮಾಡಿ” ಅನ್ನುವ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಹಳೇ ಅನಲಾಗ್ ಕೇಬಲ್ ಇದ್ದಾಗ ಸ್ಟುಡಿಯೋದ ಮಾತು ಟಿವಿಯಲ್ಲಿ ಹೆಚ್ಚುಕಡಿಮೆ ಆಗಲೇ ಕೇಳುತ್ತಿತ್ತು. ಸಣ್ಣ ಊರುಗಳ ಕೇಬಲ್ ಡಿಜಿಟಲ್ ಆಗಲು ಸರ್ಕಾರ ಕೊಟ್ಟ ಕೊನೆಯ ಗಡುವು 2017ರ ಮಾರ್ಚ್ 31. ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ಚಿತ್ರ, ದನಿ ಎರಡನ್ನೂ ಕುಗ್ಗಿಸಿ ಕಳಿಸಿ, ಮನೆಯಲ್ಲಿ ಮತ್ತೆ ಬಿಚ್ಚಬೇಕು. ಅಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗುತ್ತದೆ. ಫೋನ್ ಮಾಡಿದವರು ತಮ್ಮದೇ ಮಾತನ್ನು ತಡವಾಗಿ ಕೇಳಿ ಗೊಂದಲವಾಗಿ ನಿಲ್ಲಿಸುತ್ತಾರೆ. ನಿರೂಪಕಿ “ಹಲೋ ಹಲೋ” ಅನ್ನುತ್ತಾಳೆ, ಅದೂ ತಡವಾಗಿ ತಲುಪುತ್ತದೆ.

ಇದಕ್ಕೆ ಎರಡು ಉಪಾಯ. ಒಂದು, ಫೋನ್ ಎತ್ತಿಕೊಳ್ಳುವ ಹುಡುಗ ಲೈನ್ ಒಳಗೆ ಬಿಡುವ ಮೊದಲೇ ಅವರಿಗೆ ಟಿವಿ ದನಿ ತಗ್ಗಿಸಲು ಹೇಳುವುದು. ಇನ್ನೊಂದು ಆಡಿಯೋ ಮಿಕ್ಸರ್‌ನಲ್ಲಿ ಮಾಡುವ ‘ಮಿಕ್ಸ್ ಮೈನಸ್’. ಕರೆ ಮಾಡಿದವರಿಗೆ ಫೋನಲ್ಲೇ ಸ್ಟುಡಿಯೋದ ಎಲ್ಲ ದನಿಯೂ ಹೋಗಬೇಕು, ಅವರ ದನಿ ಒಂದನ್ನು ಬಿಟ್ಟು. ಆಗ ಅವರು ಟಿವಿ ಕೇಳಬೇಕಾಗುವುದೇ ಇಲ್ಲ. ಇದಕ್ಕೆ ಮಿಕ್ಸರ್‌ನಲ್ಲಿ ಆಕ್ಸ್ ಔಟ್‌ಪುಟ್, ಅಂದರೆ ಬೇಕಾದ ದನಿಗಳನ್ನಷ್ಟೇ ಬೇರೆಯಾಗಿ ಕಳಿಸುವ ದಾರಿ ಬೇಕು. ಅದನ್ನು ಫೋನಿಗೆ ಕೊಟ್ಟು, ಕರೆಯ ದನಿ ಬರುವ ಚಾನೆಲ್‌ನ ಆಕ್ಸ್ ನಾಬ್ ಮಾತ್ರ ಸೊನ್ನೆಗೆ ಇಟ್ಟರೆ ಮುಗಿಯಿತು. ಮೊದಲ ದಿನವೇ ಕಲಿಸಬೇಕಾದ ವಿಷಯ ಇದು. ಆದರೆ ಪುಸ್ತಕದಲ್ಲಿ ಶಾಟ್‌ಗಳ ಹೆಸರು ಬಾಯಿಪಾಠ ಮಾಡಿಸುತ್ತಾರೆ.

ಮಳೆ ಇನ್ನೊಂದು ತಲೆನೋವು. ಸ್ಟುಡಿಯೋ ಮೇಲೆ ತಗಡಿನ ಶೀಟು. ಆಷಾಢದಲ್ಲಿ ಮಳೆ ಹೊಡೆಯಲು ಶುರುವಾದರೆ ಎದುರು ಕೂತವರ ಮಾತೇ ಕೇಳುವುದಿಲ್ಲ. ಮಿಕ್ಸರ್‌ನಲ್ಲಿ ದನಿ ಏರಿಸಿದರೆ ಮಳೆಯ ಸದ್ದೂ ಏರುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತರುವುದೊಂದೇ ದಾರಿ. ದೂರ ಅರ್ಧ ಆದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಮೇಜಿನ ಮೇಲಿನ ಮೈಕ್ ಕಿತ್ತು ಎಲ್ಲರಿಗೂ ಕಾಲರ್ ಮೈಕ್ ಹಾಕಿದೆವು. ಮಳೆ ಜೋರಿದ್ದ ದಿನ ಕೈಮೈಕ್. ನೋಡಲು ಅಷ್ಟು ಚೆಂದ ಅಲ್ಲ, ಆದರೆ ಮಾತು ಸ್ಪಷ್ಟ.

ಗ್ರಾಫಿಕ್ಸ್ ಹುಡುಗಿಯ ಕೆಲಸವನ್ನು ಎಲ್ಲರೂ ಸುಮ್ನೆ ಟೈಪಿಂಗ್ ಅಂದುಕೊಳ್ಳುತ್ತಾರೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ತೆರೆ ಮೇಲೆ ಬರಬೇಕು ಅನ್ನಿ: ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು ನೋಡಿ ನಾಳೆ ಬೆಳಿಗ್ಗೆ ಯಾರೋ ತೋಟಕ್ಕೆ ಹೊಡೆಯುತ್ತಾರೆ. ಒಂದು ಸೊನ್ನೆ ಹೆಚ್ಚುಕಡಿಮೆ ಆಗುವಂತಿಲ್ಲ. ಅದಕ್ಕೇ ಅಂಕಿ ಇರುವ ಪ್ಲೇಟುಗಳನ್ನೆಲ್ಲ ಶೋಗೆ ಮೊದಲೇ ಮಾಡಿ ಅತಿಥಿಗೆ ತೋರಿಸಿ ಒಪ್ಪಿಗೆ ಪಡೆಯುವ ನಿಯಮ ಇತ್ತು. ಲೈವ್‌ನಲ್ಲಿ ಟೈಪ್ ಮಾಡುವುದು ಫೋನ್ ಮಾಡಿದವರ ಹೆಸರು, ಊರು ಮಾತ್ರ.

ಮತ್ತೆ ಸಮಯ. 6.30ಕ್ಕೆ ಸರಿಯಾಗಿ ಚಾನೆಲ್‌ನವರ ಜಾಹೀರಾತು ಶುರು, ನಮಗೆ ಒಂದು ಸೆಕೆಂಡೂ ಹೆಚ್ಚು ಸಿಗುವುದಿಲ್ಲ. ಹಾಗಾಗಿ ಲೆಕ್ಕ ಹಿಂದಿನಿಂದ. ಹೆಸರುಗಳ ಪಟ್ಟಿಗೆ 30 ಸೆಕೆಂಡ್, ನಿರೂಪಕಿಯ ವಂದನೆಗೆ 30 ಸೆಕೆಂಡ್ ಇಟ್ಟುಕೊಂಡರೆ ಅತಿಥಿಯ ಕೊನೆಯ ಮಾತು 6.29ಕ್ಕೆ ನಿಲ್ಲಲೇಬೇಕು. ಅಂದರೆ 6.26ರ ನಂತರ ಹೊಸ ಕರೆ ಇಲ್ಲ. ಆದರೆ 6.25ಕ್ಕೆ ಬರುವ ಕರೆಯೇ ಯಾವಾಗಲೂ ದೊಡ್ಡದು. “ಕೊನೆಗೌಡ ಬತ್ನಿಲ್ಲೆ, ಎಂತ ಮಾಡವು?” ಅಂತ ಯಾರೋ ಕೇಳುತ್ತಾರೆ. ಕೊನೆಗೌಡ ಬರುತ್ತಿಲ್ಲ, ಏನು ಮಾಡಬೇಕು ಅಂತ. ಕೊನೆಗೌಡ ಅಂದರೆ ಅಡಿಕೆ ಮರ ಹತ್ತುವ ಕೆಲಸಗಾರ. ಮರ ಹತ್ತಿ ಔಷಧಿ ಹೊಡೆಯುವವರೇ ಸಿಗದಿದ್ದರೆ ಔಷಧಿಯ ಅಳತೆ ಗೊತ್ತಿದ್ದು ಏನು ಪ್ರಯೋಜನ? ಇದಕ್ಕೆ ಮೂರು ನಿಮಿಷದಲ್ಲಿ ಉತ್ತರ ಇಲ್ಲ. ಇಂಥ ಪ್ರಶ್ನೆ ಬಂದರೆ ಅದನ್ನೇ ಮುಂದಿನ ವಾರದ ವಿಷಯ ಅಂತ ಅಲ್ಲೇ ಘೋಷಿಸುವ ಜಾಣತನ ನಿರೂಪಕಿಗಿರಬೇಕು. ನಮ್ಮ ಒಳ್ಳೆಯ ಸಂಚಿಕೆಗಳೆಲ್ಲ ಹಾಗೆ ಹುಟ್ಟಿದವು.

ಕರೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಲೆನಾಡಿನವರಾದರೆ ಗೊತ್ತೇ ಇದೆ. ಸ್ವಿಚರ್, ಮಿಕ್ಸರ್, ಎನ್‌ಕೋಡರ್ (ಚಿತ್ರ, ದನಿ ಕುಗ್ಗಿಸಿ ಕಳಿಸುವ ಪೆಟ್ಟಿಗೆ) ಮೂರನ್ನು ಯುಪಿಎಸ್ ಮೇಲೆ ಇಡಿ. ಕ್ಯಾಮೆರಾ ಬ್ಯಾಟರಿಯಲ್ಲಿ ಓಡಲಿ. ಲೈಟ್ ಹೋದರೆ ಹೋಗಲಿ, ದನಿ ಉಳಿದರೆ ಕಾರ್ಯಕ್ರಮ ಉಳಿಯುತ್ತದೆ.

ನಿಮಗೆ ಶುರುವಿಗೆ ಮೂರು ಮೊಬೈಲ್ ಸಾಕು. ಮೂರರಲ್ಲೂ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, 30 ಫ್ರೇಮಿನಲ್ಲಿ ಬಿಟ್ಟರೆ ಟ್ಯೂಬ್‌ಲೈಟ್ ಮಿನುಗುವ ಸಾಧ್ಯತೆ ಜಾಸ್ತಿ. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಅದೇ ಸ್ವಿಚರ್, ಉಚಿತ. ಟಾಕ್‌ಬ್ಯಾಕಿಗೆ ಎಲ್ಲರನ್ನೂ ಒಂದು ಕಾನ್ಫರೆನ್ಸ್ ಕಾಲಿಗೆ ಸೇರಿಸಿ, ಇಯರ್‌ಫೋನ್ ಹಾಕಿಸಿ, ನಿರ್ದೇಶಕನನ್ನು ಬಿಟ್ಟು ಉಳಿದವರನ್ನು ಮ್ಯೂಟ್ ಮಾಡಿ. ಕೇಬಲ್‌ನವರು ಒಪ್ಪದಿದ್ದರೆ ಯೂಟ್ಯೂಬ್ ಇದೆ. ಮೊದಲ ಸಲ ಲೈವ್ ಚಾಲೂ ಮಾಡಲು 24 ಗಂಟೆಯವರೆಗೆ ಕಾಯಿಸಬಹುದು, ಹಿಂದಿನ ದಿನವೇ ಒತ್ತಿಡಿ. ಮೊದಲ ಶೋವನ್ನು ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವಂತೆ) ಇಟ್ಟು ಹಾಸ್ಟೆಲ್ ಗೆಳೆಯರಿಂದ ಫೋನ್ ಮಾಡಿಸಿ, ಲೈವ್‌ನ ದನಿಯನ್ನು ಬೇಕಂತಲೇ ಜೋರಾಗಿಟ್ಟು ಮಾತಾಡಲು ಹೇಳಿ. ಅದನ್ನು ನಿಮ್ಮ ಆಡಿಯೋದವರು ಸಂಭಾಳಿಸಿದರೆ ಮುಂದಿನ ಶನಿವಾರ ಪಬ್ಲಿಕ್ ಮಾಡಿಬಿಡಿ.