ವೃತ್ತಿಪರ ಹಾಕಿ ತಂಡಕ್ಕೆ ತನ್ನದೇ ಆಟದ ಶೈಲಿ ಸಿಗುತ್ತಿಲ್ಲ ಅಂದರೆ ಏನು ಮಾಡಬೇಕು?

ತಂಡ ಒಂದು ದಿನ ಚಾಂಪಿಯನ್ನರ ಹಾಗೆ ಆಡುತ್ತದೆ, ಇನ್ನೊಂದು ದಿನ ಗುರುತೇ ಸಿಗುವುದಿಲ್ಲ, ಏಷ್ಯನ್ ಶೈಲಿಯ ದಾಳಿಗೆ ಹೋಗೋಣವಾ ಯುರೋಪಿನ ಶಿಸ್ತಿಗೆ ಹೋಗೋಣವಾ ಅಂತ ಕೇಳಿದ್ದೀರಿ. ವಿದೇಶಿ ಕೋಚ್ ತರಬೇಕಾ ಅಂತಲೂ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು ಸಂಬಳ ತಗೊಂಡು ಕೇಳಿಕೊಂಡಿದ್ದೆ. ಲೀಗ್ ಆಡುವ ಒಂದು ತಂಡಕ್ಕೆ ಸಹಾಯಕ ಕೋಚ್ ಆಗಿದ್ದೆ. ವಿಡಿಯೊ ನೋಡುವುದು, ಪ್ರೆಸ್ (ಚೆಂಡು ಎದುರಾಳಿಯ ಬಳಿ ಇದ್ದಾಗ ಒಟ್ಟಾಗಿ ಮುತ್ತುವುದು) ಕಲಿಸುವುದು, ಎದುರಾಳಿಯ ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ಫೌಲ್ ಆದಾಗ ದಾಳಿ ಮಾಡುವ ತಂಡಕ್ಕೆ ಸಿಗುವ ಹೊಡೆತ) ಓದುವುದು ನನ್ನ ಪಾಲಿನ ಕೆಲಸ. ತಂಡದ ಹೆಸರು ಬೇಡ.

ಲೀಗ್ ತಂಡ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಹಾಕಿ ಇಂಡಿಯಾ ಲೀಗ್ 2024–25ರಲ್ಲಿ ಮತ್ತೆ ಶುರುವಾದಾಗ ಒಂದೊಂದು ತಂಡಕ್ಕೆ 24 ಆಟಗಾರರು, ಅದರಲ್ಲಿ 8 ಜನ ವಿದೇಶಿಯರು. ಎಲ್ಲರೂ ಹರಾಜಿನಲ್ಲಿ ಬಂದವರು. ನಮ್ಮದೂ ಇಂಥದ್ದೇ ತಂಡ. ಒಬ್ಬೊಬ್ಬರೂ ತಮ್ಮ ತಮ್ಮ ಹಾಕಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದರು. ಯುರೋಪಿನ ಕ್ಲಬ್‌ನಲ್ಲಿ ಆಡಿದ ಸೆಂಟರ್ ಹಾಫ್‌ಗೆ ಚೆಂಡನ್ನು ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ಆಡಿಸಬೇಕು. ನಮ್ಮ ಫಾರ್ವರ್ಡ್‌ಗಳಿಗೆ ಚೆಂಡು ಬೇಗ ಬೇಕು, ಸಿಕ್ಕ ತಕ್ಷಣ ಓಡಬೇಕು. ಜೂನಿಯರ್ ಹುಡುಗರು ಯಾರು ಜೋರಾಗಿ ಕೂಗಿದರೆ ಅವರಿಗೆ ಪಾಸ್ ಕೊಡುತ್ತಿದ್ದರು.

ಮೊದಲ ಪಂದ್ಯಕ್ಕೆ ನಾವು ಫುಲ್ ಪ್ರೆಸ್ ಇಟ್ಟುಕೊಂಡು ಇಳಿದೆವು. ಅಂದರೆ ಎದುರಾಳಿ ತಮ್ಮ ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತ) ಪಕ್ಕದಿಂದ ಚೆಂಡು ಹೊರಗೆ ತರುವಾಗಲೇ ಮೇಲೆ ಹೋಗಿ ಮುತ್ತುವುದು. ಸೋತೆವು. ಅವತ್ತು ರಾತ್ರಿಯೇ ನಾನು ಮುಖ್ಯ ಕೋಚ್ ಹತ್ತಿರ ಹೋಗಿ, 'ಸರ್, ಇದು ನಮ್ಮ ಹುಡುಗರ ಕೈಲಿ ಆಗಲ್ಲ, ಸೆಂಟರ್ ಲೈನ್‌ಗೆ ಇಳಿಯೋಣ' ಅಂದೆ. ಹಾಫ್ ಪ್ರೆಸ್, ಅಂದರೆ ಸೆಂಟರ್ ಲೈನ್ ಹತ್ತಿರ ಕಾದು ಮುತ್ತುವುದು, ಶುರುವಾಯಿತು. ಒಂದು ಡ್ರಾ, ಮತ್ತೊಂದು ಸೋಲು. ಆಮೇಲೆ ಆಳಿಗೊಬ್ಬ ಆಳು ಅಂತ ಮ್ಯಾನ್ ಟು ಮ್ಯಾನ್. ಅದರಲ್ಲಿ ಗೆದ್ದೆವು, ಆದರೆ ಮುಂದಿನ ಪಂದ್ಯದ ಎದುರಾಳಿಗೆ ಅದು ಸರಿಹೊಂದಲ್ಲ ಅಂತ ನನಗೇ ಅನ್ನಿಸಿತು. ಕೊನೆಗೆ ಮೂರನ್ನೂ ಇಟ್ಟುಕೊಂಡೆವು. ಡಗ್‌ಔಟ್‌ನಿಂದ (ಮೈದಾನದ ಪಕ್ಕ ಕೋಚ್‌ಗಳು ಕೂರುವ ಜಾಗ) ಮುಷ್ಟಿ ತೋರಿಸಿದರೆ ಫುಲ್, ಅಂಗೈ ತೋರಿಸಿದರೆ ಹಾಫ್, ತಲೆ ಮೇಲೆ ಕೈ ಇಟ್ಟರೆ ಮ್ಯಾನ್ ಟು ಮ್ಯಾನ್. ನನಗೆ ಇದು ಭಾರೀ ಬುದ್ಧಿವಂತಿಕೆ ಅನ್ನಿಸಿತ್ತು. ನಮ್ಮ ಕ್ಯಾಪ್ಟನ್ ಮಾತ್ರ ಒಂದು ಸಲ ಕೇಳಿದ: 'ಸರ್, ಮೂರರಲ್ಲಿ ನಮ್ದು ಯಾವ್ದು?' ನಾನು ನಕ್ಕು, 'ಮೂರೂ ನಮ್ದೇ ಕಣಪ್ಪಾ' ಅಂದೆ.

ಪ್ಲೇ ಆಫ್‌ಗೆ ಹೋಗಲು ಗೆಲ್ಲಲೇಬೇಕಿದ್ದ ಪಂದ್ಯ. ಮೂರನೇ ಕ್ವಾರ್ಟರ್. ಒಂದು ಗೋಲಿನಿಂದ ಮುಂದಿದ್ದೆವು. ಚೆಂಡು ಅವರ ಲೆಫ್ಟ್ ಬ್ಯಾಕ್ ಹತ್ತಿರ, ಸೈಡ್‌ಲೈನ್ ಪಕ್ಕ. ಪ್ರೆಸ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಕಿ ಸ್ಟಿಕ್ ಎಲ್ಲರಿಗೂ ಒಂದೇ ಕಡೆ ಚಪ್ಪಟೆ, ಎಡಗೈಯವರಿಗೆ ಅಂತ ಬೇರೆ ಸ್ಟಿಕ್ ಇಲ್ಲ. ಹಾಗಾಗಿ ಎಡ ಮೂಲೆಯಲ್ಲಿ ಸಿಕ್ಕಿಬಿದ್ದವನು ಬಲಕ್ಕೆ ಪಾಸ್ ಕೊಡಬೇಕಾದರೆ ಮೈ ತಿರುಗಿಸಬೇಕು, ಇಲ್ಲ ಸ್ಟಿಕ್ ತಿರುಗಿಸಿ ರಿವರ್ಸ್ ಆಡಬೇಕು. ಎರಡಕ್ಕೂ ಸಮಯ ಹಿಡಿಯುತ್ತದೆ. ನಮ್ಮ ರೈಟ್ ಫಾರ್ವರ್ಡ್ ಅವನ ಮೇಲೆ ಹೋಗಬೇಕು, ಸೆಂಟರ್ ಫಾರ್ವರ್ಡ್ ಒಳಗಿನ ಪಾಸ್‌ಗೆ ಅಡ್ಡ ನಿಲ್ಲಬೇಕು, ಹಿಂದಿನ ಮಿಡ್‌ಫೀಲ್ಡ್ ನಾಲ್ಕು ಹೆಜ್ಜೆ ಮೇಲೆ ಬರಬೇಕು. ಇಷ್ಟೇ.

ಲೀಡ್‌ನಲ್ಲಿದ್ದೇವೆ, ಯಾಕೆ ರಿಸ್ಕ್ ಅಂತ ನಾನು ಅಂಗೈ ತೋರಿಸಿದೆ. ಅಂದರೆ ಹಿಂದಕ್ಕೆ ಇಳಿಯಿರಿ ಅಂತ.

ಸೆಂಟರ್ ಫಾರ್ವರ್ಡ್ ಬೆಂಚಿನಿಂದ ಆಗಷ್ಟೇ ಒಳಗೆ ಹೋಗಿದ್ದ, ಅವನು ನೋಡಿದ, ಇಳಿದ. ರೈಟ್ ಫಾರ್ವರ್ಡ್‌ನ ಬೆನ್ನು ನಮ್ಮ ಕಡೆಗಿತ್ತು. ಅವನು ಫುಲ್ ಪ್ರೆಸ್ ಅಂದುಕೊಂಡು ಒಬ್ಬನೇ ಓಡಿದ. ಅವನ ಹಿಂದಿದ್ದ ಇಬ್ಬರು ಮಿಡ್‌ಫೀಲ್ಡರ್‌ಗಳು ಅವನನ್ನು ನೋಡಿ ಮೇಲೆ ಬಂದರು. ಮೂರನೆಯವನು ಸೆಂಟರ್ ಫಾರ್ವರ್ಡ್‌ನನ್ನು ನೋಡಿ ಹಿಂದೆ ಸರಿದ. ಅವರ ಲೆಫ್ಟ್ ಬ್ಯಾಕ್ ಮೈ ತಿರುಗಿಸಿ, ಆರಾಮಾಗಿ ಒಳಗೆ ಪಾಸ್ ಕೊಟ್ಟ, ಅಡ್ಡ ನಿಲ್ಲಬೇಕಾದವನು ಅಲ್ಲಿರಲಿಲ್ಲ. ಅವರ ಸೆಂಟರ್ ಬ್ಯಾಕ್ ತಲೆ ಎತ್ತಿದರೆ ಎದುರಿಗೆ ಖಾಲಿ ರಸ್ತೆ. ಚೆಂಡು ತಳ್ಳಿಕೊಂಡು ನಮ್ಮ 23 ಮೀಟರ್ ಗೆರೆವರೆಗೆ ಬಂದ. ಡಿಫೆಂಡರ್ ಆಗಿಯೂ ಅಷ್ಟು ದೂರ ಯಾರೂ ಮುಟ್ಟದೆ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಗಿರಬೇಕು. ಸರ್ಕಲ್ ಒಳಗೆ ಹೊಡೆದ, ನಮ್ಮವನ ಕಾಲಿಗೆ ಬಿತ್ತು. ಪೆನಾಲ್ಟಿ ಕಾರ್ನರ್. ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಎಸೆಯುವ ಹೊಡೆತ), ಗೋಲ್‌ಕೀಪರ್‌ನ ಎಡಗಡೆ, ಕೆಳಗೆ. ಸಮ.

ಆಮೇಲೆ ನಮ್ಮ ತಂಡ ಕಲ್ಲಾಯಿತು. ಪ್ರತಿ ಸಲವೂ ಎಲ್ಲರೂ ಮೊದಲು ಡಗ್‌ಔಟ್ ಕಡೆ ನೋಡುವುದು, ಆಮೇಲೆ ಪಕ್ಕದವನನ್ನು ನೋಡುವುದು, ಆಮೇಲೆ ಓಡುವುದು. ಕೊನೇ ಕ್ವಾರ್ಟರ್‌ನಲ್ಲಿ ಮತ್ತೊಂದು ಗೋಲು ತಿಂದು ಸೋತೆವು. ಸೀಸನ್ ಅಲ್ಲಿಗೆ ಮುಗಿಯಿತು.

ಸಂಜ್ಞೆ ಕಾಣಿಸಲಿಲ್ಲ, ಗಲಾಟೆ ಜಾಸ್ತಿ ಇತ್ತು, ಮುಂದಿನ ಸಲ ಕ್ಯಾಪ್ಟನ್ ಬಾಯಲ್ಲಿ ಹೇಳಿಸೋಣ. ಮೀಟಿಂಗ್‌ನಲ್ಲಿ ಇದನ್ನೇ ಹೇಳಿದರು, ನಾನೂ ಹೂಂ ಅಂದೆ. ಆದರೆ ತಪ್ಪು ಅದಲ್ಲ. ನಿಮಗೂ ಇದೇ ಕಥೆ ಹೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಟರ್ಫ್ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಗೋಲ್‌ಕೀಪರ್ ಬಿಟ್ಟರೆ ಹತ್ತು ಜನ. ಅಷ್ಟು ಜಾಗ ಹತ್ತು ಜನ ಮುಚ್ಚಲು ಸಾಧ್ಯವೇ ಇಲ್ಲ. ಹಾಗಾಗಿ ಫಾರ್ವರ್ಡ್ ಒಬ್ಬ ಮುಂದೆ ಓಡುತ್ತಾನೆ ಅಂದರೆ, ಹಿಂದಿನವರು ಬಂದೇ ಬರುತ್ತಾರೆ ಅನ್ನುವ ನಂಬಿಕೆ ಮೇಲೆ ಓಡುತ್ತಾನೆ. ಆ ನಂಬಿಕೆ ಸಂಜ್ಞೆಯಿಂದ ಹುಟ್ಟುವುದಿಲ್ಲ. ಒಂದೇ ಕೆಲಸವನ್ನು ಬೇಜಾರಾಗುವಷ್ಟು ಸಲ ಒಟ್ಟಿಗೆ ಮಾಡಿದಾಗ ಹುಟ್ಟುತ್ತದೆ. ಮೂರು ಪ್ರೆಸ್ ಕೊಟ್ಟು ನಾನು ಅವರಿಗೆ ಮೂರು ಆಯುಧ ಕೊಟ್ಟೆ ಅಂದುಕೊಂಡಿದ್ದೆ. ನಿಜವಾಗಿ ಕೊಟ್ಟದ್ದು ಅರ್ಧ ಸೆಕೆಂಡಿನ ಅನುಮಾನ. ಆ ಮಟ್ಟದಲ್ಲಿ ಅರ್ಧ ಸೆಕೆಂಡ್ ಸಾಕು.

ಇದಕ್ಕಿಂತ ಹೊಟ್ಟೆ ಉರಿಸುವ ವಿಷಯ ಆಮೇಲೆ ಗೊತ್ತಾಯಿತು. ಸೀಸನ್ ಮುಗಿದ ಮೇಲೆ ಮೊದಲ ಪಂದ್ಯದ ವಿಡಿಯೊವನ್ನು ಮತ್ತೆ ಹಾಕಿ ಕೂತೆ. ಬರೀ ಚೆಂಡು ಕಳೆದುಕೊಂಡ ಕ್ಷಣಗಳನ್ನು ಮಾತ್ರ ನೋಡಿದೆ. ಫುಲ್ ಪ್ರೆಸ್ ಚೆನ್ನಾಗೇ ಕೆಲಸ ಮಾಡುತ್ತಿತ್ತು! ಅವರ 23 ಮೀಟರ್ ಒಳಗೆ ಮತ್ತೆ ಮತ್ತೆ ಚೆಂಡು ಕಿತ್ತುಕೊಂಡಿದ್ದೆವು. ನಾವು ತಿಂದ ಗೋಲುಗಳಲ್ಲಿ ಹೆಚ್ಚಿನವು ಪೆನಾಲ್ಟಿ ಕಾರ್ನರ್‌ನವು, ಅದೂ ನಮ್ಮ ಫಸ್ಟ್ ರಶ್ಶರ್ (ಹೊಡೆಯುವವನ ಮೇಲೆ ಮೊದಲು ಓಡುವವನು) ತಡವಾಗಿ ಹೊರಟದ್ದಕ್ಕೆ. ಪ್ರೆಸ್ ಮುರಿದದ್ದು ಕ್ವಾರ್ಟರ್‌ಗಳ ಕೊನೆಯಲ್ಲಿ ಮಾತ್ರ, ನಾವು ಫಾರ್ವರ್ಡ್‌ಗಳನ್ನು ಸಮಯಕ್ಕೆ ಬದಲಾಯಿಸದೆ ಸುಸ್ತಾಗಿಸಿದ್ದಾಗ. ಅಂದರೆ ಅದು ಬದಲಿ ಆಟಗಾರರನ್ನು ಕಳಿಸುವ ಲೆಕ್ಕದ ಸಮಸ್ಯೆ. ಶೈಲಿಯ ಸಮಸ್ಯೆಯೇ ಅಲ್ಲ. ಸ್ಕೋರ್ ಬೋರ್ಡ್ ನೋಡಿ ನಾನು ಒಂದು ಒಳ್ಳೆಯ ಯೋಜನೆಯನ್ನು ಎಸೆದಿದ್ದೆ. ಆಮೇಲಿನದೆಲ್ಲ ಅದರ ಬಾಲ.

ಈಗ ನಿಮ್ಮ ಪ್ರಶ್ನೆ. ಏಷ್ಯನ್ನಾ ಯುರೋಪಿಯನ್ನಾ ಅನ್ನುವುದೇ ತಪ್ಪು ಪ್ರಶ್ನೆ. ಏಷ್ಯನ್ ಶೈಲಿ ಅಂತ ಕರೆಯುವ ಐದು ಫಾರ್ವರ್ಡ್‌ಗಳ ಡ್ರಿಬ್ಲಿಂಗ್ ಹಾಕಿ ಹುಲ್ಲಿನ ಮೈದಾನದ ಕಾಲದ್ದು, ಗೋಲಿನ ಹತ್ತಿರ ಹೋಗಿ ಕಾದು ನಿಲ್ಲಲು ಬಿಡದ ಆಫ್‌ಸೈಡ್ ನಿಯಮ ಇದ್ದ ಕಾಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಟರ್ಫ್ ಬಂತು, ಭಾರತ 7ನೇ ಸ್ಥಾನಕ್ಕೆ ಇಳಿಯಿತು. 90ರ ದಶಕದ ಕೊನೆಗೆ ಆಫ್‌ಸೈಡ್ ಹೋಯಿತು. 2009ರಲ್ಲಿ ಸೆಲ್ಫ್ ಪಾಸ್ ಬಂದ ಮೇಲಂತೂ ಫೌಲ್ ಆದ ತಕ್ಷಣ ಚೆಂಡು ಇಟ್ಟವನೇ ಸ್ಟಿಕ್‌ನಲ್ಲಿ ತಳ್ಳಿಕೊಂಡು ಓಡಬಹುದು. ಅಂಪೈರ್ ಕಡೆ ಕೈ ಎತ್ತಿ ನಿಂತವನು ಕೆಟ್ಟ. ಈಗ ಆಟ ಕೂತಿರುವುದು ಚೆಂಡು ಹೋದ ಮೇಲಿನ ನಾಲ್ಕೈದು ಸೆಕೆಂಡುಗಳಲ್ಲಿ. ಆಗ ಹತ್ತೂ ಜನ ಒಂದೇ ಕೆಲಸ ಮಾಡುತ್ತಾರಾ? ಮಾಡಿದರೆ ನಿಮ್ಮ ತಂಡಕ್ಕೆ ಶೈಲಿ ಇದೆ. ಚೆಂಡು ಇದ್ದಾಗ ಹೇಗೆ ಆಡುತ್ತೀರಿ ಅನ್ನುವುದು ಅದನ್ನು ಎಲ್ಲಿ ಕಿತ್ತುಕೊಂಡಿರಿ ಅನ್ನುವುದರ ಮೇಲೆ ತಾನಾಗೇ ನಿಲ್ಲುತ್ತದೆ. ಮೇಲೆ ಕಿತ್ತರೆ ದಾಳಿ ಮಾಡುವ ತಂಡ ಅಂತಾರೆ, ಕೆಳಗೆ ಕಿತ್ತರೆ ಕೌಂಟರ್ (ತಿರುಗಿ ದಾಳಿ ಮಾಡುವ) ತಂಡ ಅಂತಾರೆ. ಹೆಸರು ಪತ್ರಿಕೆಯವರು ಇಡುತ್ತಾರೆ, ಬಿಡಿ.

ವಿದೇಶಿ ಕೋಚ್ ವಿಷಯಕ್ಕೆ ಭಾರತ ತಂಡವನ್ನೇ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. 2012ರ ಲಂಡನ್‌ನಲ್ಲಿ 12ನೇ ಸ್ಥಾನ, ಅಂದರೆ ಕೊನೆ. ಆ ದಶಕದಲ್ಲಿ ಸ್ಪೇನಿನ ಬ್ರಾಸಾ, ಆಸ್ಟ್ರೇಲಿಯಾದ ನಾಬ್ಸ್, ವಾಲ್ಶ್, ನೆದರ್ಲೆಂಡ್ಸ್‌ನ ವಾನ್ ಆಸ್, ಓಲ್ಟ್‌ಮನ್ಸ್, ಮರೈನ್ ಎಲ್ಲರೂ ಬಂದು ಹೋದರು. ಒಬ್ಬರೂ ದಡ್ಡರಲ್ಲ. ಆದರೆ ಒಬ್ಬರು ಹೇಳಿಕೊಟ್ಟದ್ದು ಮೈಗೆ ಹತ್ತುವ ಮೊದಲೇ ಇನ್ನೊಬ್ಬರು ಬರುತ್ತಿದ್ದರು. 2019ರಲ್ಲಿ ಬಂದ ಗ್ರಹಾಂ ರೀಡ್‌ಗೆ ಸಮಯ ಸಿಕ್ಕಿತು. ಟೋಕಿಯೊ ಒಲಿಂಪಿಕ್ಸ್‌ನ ಗುಂಪು ಹಂತದಲ್ಲಿ ಅದೇ ತಂಡ ಆಸ್ಟ್ರೇಲಿಯಾಕ್ಕೆ 1–7ರಿಂದ ಸೋತಿತ್ತು, ನೆನಪಿದೆಯಾ? ನನ್ನಂಥವನು ಡಗ್‌ಔಟ್‌ನಲ್ಲಿದ್ದಿದ್ದರೆ ಅವತ್ತು ರಾತ್ರಿಯೇ ಎಲ್ಲ ಬದಲಾಯಿಸುತ್ತಿದ್ದ. ನನಗೆ ಕಂಡಂತೆ ಅವರು ಚೌಕಟ್ಟು ಬದಲಾಯಿಸಲಿಲ್ಲ. ಮುಂದಿನ ಪಂದ್ಯದಲ್ಲಿ ಸ್ಪೇನ್ ಮೇಲೆ 3–0. ಕೊನೆಗೆ ಜರ್ಮನಿಯನ್ನು 5–4ರಿಂದ ಸೋಲಿಸಿ 41 ವರ್ಷಗಳ ನಂತರ ಪದಕ.

2024ರ ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ಅಂತೂ ನಾನು ಹುಡುಗರಿಗೆ ಈಗಲೂ ತೋರಿಸುತ್ತೇನೆ. ಆಗ ಕೋಚ್ ಕ್ರೇಗ್ ಫುಲ್ಟನ್, ಮೊದಲು ಗೋಲು ಉಳಿಸು ಅನ್ನುವವರು. 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಮಿಕ್ಕ 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ. ಗ್ರೇಟ್ ಬ್ರಿಟನ್ ಎದುರು 1–1, ಶೂಟೌಟ್‌ನಲ್ಲಿ 4–2. ಆ ವಿಡಿಯೊದಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಸೇವ್‌ಗಳನ್ನು ಎಲ್ಲರೂ ನೋಡುತ್ತಾರೆ. ನೀವು ಚೆಂಡಿಲ್ಲದ ಆಟಗಾರರ ಕಾಲುಗಳನ್ನು ನೋಡಿ. ಒಬ್ಬ ಕಡಿಮೆಯಾದ ಮೇಲೂ ಎಲ್ಲಿಗೆ ಓಡಬೇಕು ಅಂತ ಯಾರೂ ಯಾರನ್ನೂ ಕೇಳುತ್ತಿಲ್ಲ.

ನಾನು ಹೇಳುವುದು ಇಷ್ಟು. ಒಂದೇ ಪ್ರೆಸ್ ಇಟ್ಟುಕೊಳ್ಳಿ. ಒಂದೇ. ಎದುರಾಳಿಯನ್ನು ಯಾವ ಕಡೆಗೆ ತಳ್ಳುತ್ತೀರಿ ಅನ್ನುವುದೂ ಒಂದೇ ಇರಲಿ. ಯಾವುದು ಅನ್ನುವುದನ್ನು ನಿಮ್ಮ ಸ್ಟಾರ್ ಆಟಗಾರನನ್ನು ನೋಡಿ ತೀರ್ಮಾನಿಸಬೇಡಿ, ನಾಲ್ಕನೇ ಕ್ವಾರ್ಟರ್‌ನಲ್ಲಿ ಎಲ್ಲರಿಗಿಂತ ಮೊದಲು ಸುಸ್ತಾಗುವ ಫಾರ್ವರ್ಡ್‌ನನ್ನು ನೋಡಿ ತೀರ್ಮಾನಿಸಿ. ಫುಲ್ ಪ್ರೆಸ್ ಅಂದರೆ ಫಾರ್ವರ್ಡ್‌ಗಳು ಒಂದೊಂದು ಸಲಕ್ಕೆ ನಾಲ್ಕೈದು ನಿಮಿಷ ಜೀವ ಬಿಟ್ಟು ಓಡಿ ಹೊರಗೆ ಬರಬೇಕು. ಬೆಂಚಿನಲ್ಲಿ ಅಷ್ಟು ಕಾಲುಗಳಿಲ್ಲದಿದ್ದರೆ ಸುಮ್ನೆ ಸೆಂಟರ್ ಲೈನ್‌ಗೆ ಇಳಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಸೋತ ರಾತ್ರಿ ಯಾವ ತೀರ್ಮಾನವನ್ನೂ ತಗೊಳ್ಳಬೇಡಿ. ಗೋಲು ತಿಂದದ್ದು ಎಲ್ಲಿಂದ ಅಂತ ಮೊದಲು ಬೇರೆ ಮಾಡಿ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಸೇರಿ ಐದೇ ಜನ ತಡೆಯುವುದು, ಆ ಐವರ ತಪ್ಪಿಗೆ ಇಡೀ ತಂಡದ ಆಟ ಬದಲಾಯಿಸುವುದು ಹುಚ್ಚುತನ. ಗೋಡೆ ಮೇಲೆ 'ನಮ್ಮ ಗುರುತು' ಅಂತ ಬರೆದ ಬೋರ್ಡ್ ಇದ್ದರೆ ತೆಗೆಸಿ, ನಮ್ಮಲ್ಲೂ ಒಂದಿತ್ತು.

ಆಟದ ಮಧ್ಯೆ ಯೋಜನೆ ಬದಲಾಯಿಸುವುದೇ ಬೇಡವಾ ಅಂತ ಕೇಳುತ್ತೀರಿ. ಎರಡನೇ ಸೀಸನ್‌ಗೆ ಇಟ್ಟುಕೊಳ್ಳಿ.

ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿ: 'ನಮ್ಮ ರೈಟ್ ಫಾರ್ವರ್ಡ್ ಅವರ ಸರ್ಕಲ್ ಹತ್ತಿರ ಚೆಂಡು ಕಳೆದುಕೊಂಡ. ನೀನು ಮೊದಲ ಹೆಜ್ಜೆ ಎಲ್ಲಿಗೆ ಇಡ್ತೀಯ?' ಗೋಲ್‌ಕೀಪರ್‌ನನ್ನೂ ಕೇಳಿ, ಅವರೇ ಎಲ್ಲವನ್ನೂ ಎದುರಿನಿಂದ ನೋಡುವವರು. ಏನೇನು ಉತ್ತರ ಬಂತು ಅಂತ ಕೆಳಗೆ ಬರೆಯಿರಿ. ಅದನ್ನು ನೋಡಿದ ಮೇಲೆ ಕೋಚ್ ಬದಲಾಯಿಸುವ ಮಾತು ಆಡೋಣ.